ಮೂರನೇ ಸಿಲಿಂಡರ್

ಗಾಡಿ ನಿಂತಲ್ಲೇ ನಡುಗುತ್ತಿತ್ತು. ಓಡುವಾಗ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಅಫಜಲಪುರದ ಬಸ್ ಸ್ಟ್ಯಾಂಡಿನ ಮುಂದೆ ಆಟೋಗಳಿಗೆ ದಾರಿ ಬಿಟ್ಟು ನಿಂತರೆ ಸಾಕು, ಸ್ಟೇರಿಂಗು ಕೈಯಲ್ಲಿ ಜುಮುಜುಮು ಅನ್ನುವುದು, ಕನ್ನಡಿಯೊಳಗೆ ಹಿಂದಿನ ರಸ್ತೆ ಅಲ್ಲಾಡುವುದು, ಎದುರಿಗೆ ಇಂಜಿನ್ನಿನ ಹಳದಿ ದೀಪ ಬೇರೆ. ಈ ರೋಗಕ್ಕೆ ಮನೆಯಲ್ಲಿ ಒಂದೇ ಕಾರಣ ಸಿಕ್ಕಿತ್ತು: ನಾನು.

“ಹೆಂಗಸೂರ ಕೈಯಾಗ ಗಾಡಿ ಕೊಟ್ರ ಇದೇ ಹಣೇಬರಾ,” ಎಂದರು ನಮ್ಮ ಮನೆಯವರು. “ಕ್ಲಚ್ಚಿನ ಮ್ಯಾಲ ಕಾಲಿಟ್ಕೊಂಡೇ ಓಡಸ್ತಿ. ಇಂಜಿನ್ ಕುಂತದ. ದೀಪಾವಳಿ ಆದಮ್ಯಾಲ ಮಾರಿಬಿಡೂಣು.”

ಕಂತೆಲ್ಲ ನನ್ನ ಪಗಾರದಲ್ಲೇ ತೀರಿತ್ತು. ಕಾಗದ ಮಾತ್ರ ಅವರ ಹೆಸರಿನಲ್ಲಿತ್ತು. ಗಂಡಸರ ಹೆಸರಲ್ಲೇ ಇರಲಿ ಎಂದು ಅತ್ತೆ ಹೇಳಿದಾಗ ನಾನೂ ಗೋಣು ಹಾಕಿದ್ದೆ. ನಾನು ಹಳ್ಳಿ ಆರೋಗ್ಯ ಕೇಂದ್ರದ ನರ್ಸು. ಅತನೂರ ಕಡೆಯ ಊರುಗಳಲ್ಲಿ ಬಸುರಿಯರ, ಬಾಣಂತಿಯರ ಮನೆಗೆ ಹೋಗಬೇಕು. ಗಾಡಿ ಇಲ್ಲದ ಕಾಲದಲ್ಲಿ ಬಸ್ಸು ತಪ್ಪಿದರೆ ಯಾರದೋ ಟಂಟಂ ಆಟೋದಲ್ಲಿ ಮೊಣಕಾಲು ಮಡಚಿ ಕೂತು ಬರಬೇಕಿತ್ತು, ಇಲ್ಲವೇ ಮನೆಗೆ ಫೋನು ಮಾಡಿ ‘ಬಂದು ಕರಕೊಂಡು ಹೋಗ್ರಿ’ ಎಂದು ಗೋಗರೆಯಬೇಕಿತ್ತು. ಕರೆಯಲು ಬಂದವರ ಮುಖ ಮನೆ ಮುಟ್ಟುವವರೆಗೂ ಗಂಟು. ಗಾಡಿ ಬಂದ ಮೇಲೆ ಯಾರನ್ನೂ ಕೇಳದೆ ಹೋದೆ, ಯಾರಿಗೂ ಹೇಳದೆ ದಾರಿಯಲ್ಲಿ ನಿಲ್ಲಿಸಿ ಕಬ್ಬಿನ ಹಾಲು ಕುಡಿದೆ. ಅದು ಹೋದರೆ ಮತ್ತೆ ಅದೇ ಗೋಗರೆಯುವ ಬಾಳು.

ಗಾಡಿ ರಿಪೇರಿಯ ಮೇಸ್ತ್ರಿಯ ಹತ್ತಿರ ಇಬ್ಬರೂ ಹೋದೆವು. ನಿಂತಾಗ ನಡುಗುತ್ತದೆ, ಎಸಿ ಹಾಕಿದರೆ ಹೆಚ್ಚಾಗುತ್ತದೆ ಎಂದು ಹೇಳುತ್ತಿದ್ದವಳು ನಾನು, ಆತ ನೋಡುತ್ತಿದ್ದದ್ದು ನಮ್ಮ ಮನೆಯವರ ಮುಖ. ಏರ್ ಫಿಲ್ಟರಿಗೆ ಗಾಳಿ ಹೊಡೆದ. ಇಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಯನ್ನು ಸ್ಪ್ರೇ ಹಾಕಿ ತೊಳೆದ. ನಡುಕ ಹಾಗೇ ಉಳಿಯಿತು. “ಬಾಯಾರು ಓಡಸ್ತಾರೇನ್ರಿ?” ಎಂದು ನನ್ನ ಕಡೆ ಬೆರಳು ಮಾಡಿ ಅವರನ್ನು ಕೇಳಿ ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು.

“ಬ್ಯಾನಿ ಎಲ್ಲಿ ಅದ ನಾನೇ ಹುಡುಕ್ತೇನಿ,” ಎಂದೆ ಮನೆಗೆ ಬಂದು. “ನನ್ನಿಂದ ಕೆಟ್ಟಿಲ್ಲ ಅಂತ ಗೊತ್ತಾದ್ರ ಗಾಡಿ ಮಾರಂಗಿಲ್ಲ. ಒಪ್ಪಿಗಿ ಅದನೋ ಇಲ್ಲೋ?”

“ಆತು ತಗೋ, ಹುಡುಕು,” ಎಂದರು, ಟಿವಿಯಿಂದ ಕಣ್ಣು ಕೀಳದೆ.

ಸ್ಟೇರಿಂಗಿನ ಕೆಳಗೆ ಚುಚ್ಚುವ ಪುಟ್ಟ ಸ್ಕ್ಯಾನರ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಮೊಬೈಲಿಗೆ ಜೋಡಿಸಿದ ಕೂಡಲೇ ಹೇಳಿತು: ಇಂಜಿನ್ನಿನ ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಯಾಕೆ ಎಂದು ಅದು ಹೇಳುವುದಿಲ್ಲ. ಜ್ವರ ಇದೆ ಅನ್ನುವುದಷ್ಟೇ ಥರ್ಮಾಮೀಟರಿನ ಕೆಲಸ, ಯಾತರ ಜ್ವರ ಎಂದು ನಾವೇ ನೋಡಬೇಕಲ್ಲ. ಪ್ಲಗ್ಗೋ, ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲೋ, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರೋ? ವಿಡಿಯೋಗಳನ್ನು ನೋಡಿ ನೋಡಿ ಒಂದು ಉಪಾಯ ಕಲಿತೆ. ಮೂರನೆಯದರ ಕಾಯಿಲನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರಕ್ಕೆ ಹಾಕುವುದು. ದೋಷವೂ ಅದರ ಹಿಂದೆ ಹೋದರೆ ಕಾಯಿಲೇ ಕೆಟ್ಟಿದೆ ಎಂದರ್ಥ.

ರವಿವಾರ ಅಂಗಳದಲ್ಲಿ, ಇಂಜಿನ್ನು ತಣ್ಣಗಿದ್ದಾಗಲೇ ಬೋಲ್ಟು ಬಿಚ್ಚಿ ಮೂರನೇ ಕಾಯಿಲನ್ನು ಮೇಲೆತ್ತಿದೆ. ಅದರ ಉದ್ದನೆಯ ಮೂತಿಯಿಂದ ತುಕ್ಕಿನ ನೀರು ತೊಟ್ಟಿಕ್ಕಿತು. ಕೆಳಗೆ ಪ್ಲಗ್ಗಿನ ಗುಳಿಯಲ್ಲೂ ನೀರು!

ಮಳೆಯಲ್ಲಿ ನಿಲ್ಲಿಸಿದರೆ ಅಲ್ಲಿಗೆ ಅಷ್ಟು ನೀರು ಹೋಗುವುದಿಲ್ಲ. ಹೋಗಬೇಕಾದರೆ ಯಾರಾದರೂ ಬಾನೆಟ್ ಎತ್ತಿ ಪೈಪು ಹಿಡಿಯಬೇಕು. ಹಿಡಿದಿದ್ದರು. ದಸರೆಯಲ್ಲಿ ಆಯುಧ, ಗಾಡಿಗಳಿಗೆ ಮಾಡುವ ಖಂಡೆ ಪೂಜೆಯ ದಿನ ನಮ್ಮ ಮನೆಯವರು ಲುಂಗಿ ಎತ್ತಿ ಕಟ್ಟಿ, ವಾಷಿಂಗಿನ ಜೋರು ಪೈಪಿನಿಂದ ಇಂಜಿನ್ನಿಗೆ ಎತ್ತಿನ ಮೈ ತೊಳೆದಂತೆ ಸ್ನಾನ ಮಾಡಿಸಿದ್ದರು. “ಬ್ಯಾಡ್ರಿ, ಒಳಗ ಕರೆಂಟಿಂದು ಇರ್ತದ,” ಎಂದರೆ, “ಪೂಜಿಗೆ ಬರೇ ಮಾರಿ ತೊಳಕೊಂಡು ಕೂಡ್ತಾರೇನ?” ಎಂದು ನನ್ನ ಬಾಯಿ ಮುಚ್ಚಿಸಿ, ಮೇಲಿಂದ ವಿಭೂತಿ ಬಳಿದಿದ್ದರು. ಬನ್ನಿ ಕೊಟ್ಟು ತಗೊಂಡ ಮೇಲೆ ಸ್ವಲ್ಪ ದಿನದಲ್ಲೇ ನಡುಕ ಶುರುವಾಗಿತ್ತು. ನಾನು ಅದನ್ನು ಇದಕ್ಕೆ ಜೋಡಿಸಿರಲೇ ಇಲ್ಲ. ಎಲ್ಲರೂ ಹೇಳಿ ಹೇಳಿ ನನ್ನ ಕಾಲಿನ ಮೇಲೆ ನನಗೇ ಅನುಮಾನ ಬಂದಿತ್ತು.

ಇಕ್ಕಳದ ತುದಿಗೆ ಹತ್ತಿ ಸುತ್ತಿ ಗುಳಿ ಒಣಗಿಸಿದೆ. ಕಾಯಿಲು ಅದಲುಬದಲು ಮಾಡಿ ಸ್ಟಾರ್ಟ್ ಮಾಡಿದರೆ ಮೊಬೈಲು ಈಗ ಎರಡನೇ ಸಿಲಿಂಡರನ್ನು ದೂರಿತು. ಸಿಕ್ಕಿಬಿತ್ತು! ಕಲಬುರಗಿಯಿಂದ ಹೊಸ ಕಾಯಿಲು ತರಿಸಿ ಹಾಕಿದೆ. ಹಳದಿ ದೀಪ ಹೋಯಿತು, ನಡುಕ ನಿಂತಿತು. ಹುಚ್ಚಿಯಂತೆ ಒಬ್ಬಳೇ ನಕ್ಕೆ.

ತುಕ್ಕು ಹಿಡಿದ ಕಾಯಿಲನ್ನು ಅವರ ಮುಂದಿಟ್ಟೆ. “ನೋಡ್ರಿ, ಇದು ನನ್ನ ಕಾಲಿಂದೋ, ನಿಮ್ಮ ಪೈಪಿಂದೋ?”

ತಿರುಗಿಸಿ ತಿರುಗಿಸಿ ನೋಡಿದರು. “ಕಂಪನಿಯವ್ರು ಹಲ್ಕಾ ಮಾಲ್ ಹಾಕ್ತಾರ,” ಎಂದರು. “ಹೋಗ್ಲಿ, ಛಲೋ ಆತು. ಸರಿ ಇದ್ದಾಗೇ ಮಾರೂದು ಶಾಣ್ಯಾತನ. ಮತ್ತ ಕೆಟ್ಟಮ್ಯಾಲ ಯಾರು ತಗೋತಾರ?”

“ಮಾರಂಗಿಲ್ಲ ಅಂತ ಮಾತು ಕೊಟ್ಟಿದ್ರಿ!”

“ಎಲ್ಲಿ ಮಾತು ಕೊಟ್ಟೇನಿ? ಹುಡುಕು ಅಂದೇನಿ, ಹುಡುಕಿದಿ.”

ಅವತ್ತು ಈ ಮನುಷ್ಯನ ಮೇಲೆ ಹುಟ್ಟಿದ ಅಸಹ್ಯ ಇವತ್ತಿಗೂ ಹೋಗಿಲ್ಲ. ಅತ್ತೆ ನನ್ನನ್ನೇ ಸಮಾಧಾನ ಮಾಡಲು ಬಂದರು. ಗಾಡಿ ಇಲ್ಲದೆ ಇಷ್ಟು ದಿನ ಬದುಕಿರಲಿಲ್ಲವೇ ಎಂದು ಕೇಳಿದರು.

ಜೇವರ್ಗಿಯಿಂದ ಒಬ್ಬ ವ್ಯಾಪಾರಿ ಗಾಡಿ ನೋಡಲು ಬಂದ. ಸ್ಟಾರ್ಟ್ ಮಾಡಿಸಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತ. “ಭಾಳ ಮಸ್ತ್ ಅದರಿ. ಯಾರು ಓಡಸ್ತಿದ್ರು?”

ನಮ್ಮ ಮನೆಯವರು ರೆಪ್ಪೆ ಕೂಡ ಬಡಿಯಲಿಲ್ಲ. “ನಮ್ಮ ಮನಿಯಾಕಿ ರಿ. ಹೆಂಗಸೂರು ಓಡಿಸಿದ ಗಾಡಿ. ಕ್ಲಚ್ಚು ನೋಡ್ರಿ, ಹೊಸಾದಿದ್ದಂಗ ಅದ.”

ಇಷ್ಟು ದಿನ ನನಗೆ ಸಿಗದ ಒಂದು ಒಳ್ಳೆಯ ಮಾತು ದಾರಿಹೋಕನಿಗೆ ಪುಕ್ಕಟೆ ಸಿಕ್ಕಿತು. ಬಾಗಿಲಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. “ಕ್ಲಚ್ಚಿನ ಮ್ಯಾಲ ಕಾಲಿಟ್ಟು ಇಂಜಿನ್ ಕೂಡಿಸೀನಿ ಅಂತಿದ್ರಲ್ರಿ, ಅದು ಯಾವಾಗ ಎದ್ದು ನಿಂತಿತು?” ಎಂದೆ ಜೋರಾಗಿ.

“ನಮ್ಮಾಕಿ ಭಾಳ ತಮಾಷಿ ಮಾಡ್ತಾಳ್ರಿ,” ಎಂದರು ಅವರು. ಇಬ್ಬರೂ ಕೂಡಿ ನಕ್ಕರು.

ವ್ಯವಹಾರ ಮುಗಿಸಿ ವ್ಯಾಪಾರಿ ಗಾಡಿಯೊಳಗೆ ಕೂತ. ಸ್ಟಾರ್ಟ್ ಆದದ್ದು ಮನೆಯೊಳಗಿದ್ದ ನನಗೆ ಕೇಳಿಸಲೇ ಇಲ್ಲ, ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದೆ ನಾನು.