ಉರ್ಶುಲೆಯ ಬಳಿ ಉಳಿದಿದ್ದ ದನಿ

ಉರ್ಶುಲೆಗೆ ಹಾಡಲು ಬರುವುದಿಲ್ಲ ಎಂಬುದು ನಮ್ಮ ಅಂತಶಿಲೆ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರ ಮನೆಯ ಬಿಯರು ಹುಳಿ, ಯಾರ ನಾಯಿ ಬೊಗಳದೆ ಕಚ್ಚುತ್ತದೆ ಎಂಬುದು ಗೊತ್ತಿದ್ದಂತೆಯೇ ಇದೂ. ನಮ್ಮ ಲಿಥುವೇನಿಯಾದಲ್ಲಿ ಹಾಡು ಬಾರದವರು ಕಡಿಮೆ, ಇದ್ದರೂ ಒಪ್ಪಿಕೊಳ್ಳುವುದಿಲ್ಲ. ಉರ್ಶುಲೆ ಒಪ್ಪಿಕೊಂಡಿದ್ದಳು. ಭಾನುವಾರ ಚರ್ಚಿನಲ್ಲಿ ಉಳಿದವರು ಎದೆ ತುಂಬಿ ಹಾಡುವಾಗ ಅವಳು ತುಟಿ ಮಾತ್ರ ಆಡಿಸುತ್ತಿದ್ದಳು. ಎಂಬತ್ತೆರಡು ವರ್ಷದ ಮುದುಕಿ. ಮೂವತ್ತನಾಲ್ಕು ವರ್ಷ ಸಾಮೂಹಿಕ ಫಾರಮ್ಮಿನ ಕರುಗಳನ್ನು ಸಾಕಿದವಳು, ಇಬ್ಬರು ಮಕ್ಕಳನ್ನು ಬೆಳೆಸಿ ದಡ ಸೇರಿಸಿದವಳು, ಗಂಡನನ್ನು ಮಣ್ಣು ಮಾಡಿದವಳು. ಯಾರಿಗೂ ಹೆದರುವ ಹೆಂಗಸಲ್ಲ. ಹಾಡಿನ ಮಾತು ಬಂತೆಂದರೆ ಮಾತ್ರ ಒಂಬತ್ತು ವರ್ಷದ ಹುಡುಗಿಯಾಗಿ ಮೂಲೆ ಸೇರುತ್ತಿದ್ದಳು.

ಅವಳು ಒಂಬತ್ತರಲ್ಲೇ ನಿಂತುಬಿಡಲು ಕಾರಣ ಶಾಲೆಯ ಸಂಗೀತದ ಮೇಷ್ಟ್ರು. ಜಿಲ್ಲೆಯ ಹಾಡಿನ ಹಬ್ಬಕ್ಕೆ ಮಕ್ಕಳ ಮೇಳ ಕಟ್ಟುತ್ತಿದ್ದ ಆತ ಸಾಲಿನ ಮುಂದೆ ಕಿವಿಗೊಡುತ್ತ ನಡೆದು ಬಂದು ಉರ್ಶುಲೆಯ ಎದುರು ನಿಂತ. ಎಲ್ಲರೂ ಸ್ವರದ ಮೇಲೆ ನಿಂತರೆ ಇವಳೊಬ್ಬಳು ಸ್ವರದ ಪಕ್ಕದಲ್ಲಿ ನಿಲ್ಲುತ್ತಾಳೆ ಎಂದ. ಬಾಯಿ ತೆರೆ, ದನಿ ತೆಗೆಯಬೇಡ ಎಂದ. ಪಕ್ಕದಲ್ಲಿದ್ದ ಯಾನಿನಾ ಕಿಸಕ್ಕನೆ ನಕ್ಕಳು. ಯಾನಿನಾಳದು ಜೇನಿನಂಥ ಕಂಠ. ಮುಂದೆ ಫಾರಮ್ಮಿನ ಮೇಳಕ್ಕೂ, ಕಾಲ ಬದಲಾದ ಮೇಲೆ ಚರ್ಚಿನ ಮೇಳಕ್ಕೂ ಅವಳೇ ಮುಂದಾಳು. ಮೇಷ್ಟ್ರು ಸತ್ತ, ಶಾಲೆ ಮುಚ್ಚಿತು, ಆ ಸೋವಿಯತ್ ಸರ್ಕಾರವೂ ಬಿತ್ತು. ಉರ್ಶುಲೆಯ ಬಾಯಿಗೆ ಬಿದ್ದ ಬೀಗ ಮಾತ್ರ ಹಾಗೇ ಉಳಿಯಿತು. ಯಾರೋ ಒಬ್ಬನ ಒಂದು ಮಾತಿಗೆ ಇಷ್ಟು ಆಯಸ್ಸು ಇರಬಾರದು. ಇರುತ್ತದೆ, ಏನು ಮಾಡುವುದು.

ಊರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಆ ಬೀಗ ಬಿದ್ದ ಬಾಯಿಯೊಳಗೆ ಒಂದು ಹಾಡಿತ್ತು. ಸರಿಯಾಗಿ ಹೇಳಬೇಕೆಂದರೆ ಅರ್ಧ ಹಾಡು. ಅದೂ ಅವಳದ್ದಲ್ಲ, ಇನ್ನೊಬ್ಬರು ಬಿಟ್ಟುಹೋದದ್ದು.

ನಮ್ಮ ಕಡೆಯ ಹಳೆಯ ಹೆಂಗಸರ ಜೋಡಿಹಾಡಿಗೆ ಸುತಾರ್ತಿನೆ ಎನ್ನುತ್ತಾರೆ. ಅದನ್ನು ಒಬ್ಬಳೇ ಹಾಡಿದರೆ ಹಾಡಲ್ಲ. ಇಬ್ಬರು ಒಟ್ಟಿಗೇ ಹಾಡಬೇಕು, ಆದರೆ ಬೇರೆ ಮಾತು, ಬೇರೆ ಸ್ವರ. ಆ ಎರಡು ಸ್ವರಗಳು ಒಂದಕ್ಕೊಂದು ಉಜ್ಜುವಷ್ಟು ಹತ್ತಿರ ಇರಬೇಕು. ವಸಂತದ ಯೋರೆ ಹಬ್ಬದ ಬೆಳಿಗ್ಗೆ, ಬರ್ಚ್ ಮರಗಳು ಚಿಗುರುವ ಹೊತ್ತಿಗೆ, ಉರ್ಶುಲೆಯ ಅಜ್ಜಿ ಅಗೋತಾ ಮತ್ತು ಅವಳ ಜೊತೆಗಾತಿ ಕೊತ್ರೀನಾ ಕಪ್ಪು ರೊಟ್ಟಿ ಹಿಡಿದು, ಇಂಥದೊಂದು ಹಾಡು ಹೇಳುತ್ತ ರೈ ಧಾನ್ಯದ ಹೊಲಕ್ಕೆ ಮೂರು ಸುತ್ತು ಬರುತ್ತಿದ್ದರು. ಅದನ್ನು ಕೇಳಿಯೇ ಪೈರು ಏಳುತ್ತದೆ ಎಂದು ನಂಬಿಕೆ. ಎರಡನೆಯ ಮಹಾಯುದ್ಧ ಮುಗಿದ ಮೂರನೆಯ ವಸಂತದಲ್ಲಿ, ಹಬ್ಬ ಕಳೆದು ತಿಂಗಳಾಗಿತ್ತೋ ಇಲ್ಲವೋ, ಕೊತ್ರೀನಾಳನ್ನೂ ಅವಳ ಹಿರಿಮಗನ ಸಂಸಾರವನ್ನೂ ಸೋವಿಯತ್ ಸೈನಿಕರು ರೈಲಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು.

ಮರುವರ್ಷ ಹಬ್ಬದ ದಿನ ಅಗೋತಾ ಏಳು ವರ್ಷದ ಮೊಮ್ಮಗಳನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ ಕೊತ್ರೀನಾ ಹಾಡುತ್ತಿದ್ದ ಭಾಗವನ್ನು ಕಲಿಸಿದಳು.

"ಇದು ಕೊತ್ರೀನಾ ದನಿ ಮಗಾ, ನಿಂದಲ್ಲ. ಅವಳು ಬರೋತನಕ ನಿನ್ನ ಹತ್ರ ಇರ್ಲಿ. ನನ್ನ ಪಕ್ಕಕ್ಕೆ ಬಾ, ನನ್ನ ಮೇಲೆ ಬರಬೇಡ. ಮೇಲೆ ಬಂದ್ರೆ ಹಾಡು ಸತ್ತೋಗುತ್ತೆ."

ಕೊತ್ರೀನಾ ಬರಲಿಲ್ಲ. ಎಲ್ಲಿ ಸತ್ತಳು, ಎಲ್ಲಿ ಹೂತರು ಎಂಬ ಸುದ್ದಿಯೂ ಬರಲಿಲ್ಲ. ಮುಂದಿನ ಚಳಿಗಾಲಕ್ಕೆ ಅಗೋತಾಳೂ ಹೋದಳು. ಆಮೇಲೆ ಆ ಮೇಷ್ಟ್ರು. ಅಜ್ಜಿಗೆ ವಯಸ್ಸಾಗಿತ್ತು, ಕಿವಿ ಹೋಗಿತ್ತು, ನನಗೆ ತಪ್ಪು ಕಲಿಸಿದಳು ಎಂದುಕೊಂಡಳು ಹುಡುಗಿ.

ದನಿಯನ್ನು ಯಾರಿಗೆ ಒಪ್ಪಿಸಬೇಕು ಎಂಬುದೇನೋ ಗೊತ್ತಿತ್ತು. ಕೊತ್ರೀನಾಳ ಕಿರಿಮಗ ಊರಲ್ಲೇ ಉಳಿದಿದ್ದ. ಅವನ ಮಗಳೇ ಈ ಯಾನಿನಾ. ಆದರೆ ಆ ಮನೆಯಲ್ಲಿ ಕೊತ್ರೀನಾಳ ಹೆಸರು ಎತ್ತುವಂತಿರಲಿಲ್ಲ. ಹೆದರಿದ ಅಪ್ಪ ತಾಯಿಯ ಹೆಸರನ್ನೇ ನುಂಗಿಬಿಟ್ಟಿದ್ದ. ಹೆಸರು ಎತ್ತಬಹುದಾದ ಕಾಲ ಬಂದಾಗ ಉರ್ಶುಲೆಗೆ ಬಾಯಿ ಬರಲಿಲ್ಲ. ಊರಿಗೇ ಒಳ್ಳೆಯ ಕಂಠದವಳ ಮುಂದೆ ನಿಂತು, ತಗೋ ಇದು ನಿನ್ನಜ್ಜಿಯದು ಎಂದು ತಪ್ಪು ಹಾಡು ಹಾಡಿ ತೋರಿಸುವುದೇ? ಇಬ್ಬರ ಮನೆಗೂ ಒಂದೇ ಬೇಲಿ. ಎಪ್ಪತ್ತು ವರ್ಷ ಆ ಬೇಲಿಯ ಮೇಲೆ ಸೌತೆ ಬೀಜ, ಈರುಳ್ಳಿ ಸಸಿ, ಊರ ಸುದ್ದಿ ಎಲ್ಲ ದಾಟಿದವು. ಇದೊಂದು ದಾಟಲಿಲ್ಲ. ಇನ್ನೊಬ್ಬರದ್ದನ್ನು ಇಟ್ಟುಕೊಂಡು ಸಾಯುವುದು ಒಳ್ಳೆಯದಲ್ಲ ಎಂಬ ಚಿಂತೆ ಮುದಿ ವಯಸ್ಸಿನಲ್ಲಿ ಅವಳನ್ನು ಕೊರೆಯತೊಡಗಿತ್ತು.

ಹೀಗಿರುವಾಗ, ಚರ್ಚು ಬರುವ ಮೊದಲಿದ್ದ ಹಳೆಯ ದೇವರುಗಳ ಹೊಸ ಭಕ್ತರು ಬಂದರು.

ಹತ್ತು ಹನ್ನೆರಡು ವರ್ಷಗಳಿಂದ ಏಪ್ರಿಲ್ ಕೊನೆಗೆ ಅವರು ಕೆರೆಯ ಮೇಲಿನ ಗುಡ್ಡಕ್ಕೆ ಬರುತ್ತಿದ್ದರು. ವಿಲ್ನಿಯಸ್, ಕೌನಸ್ ಕಡೆಯ ದಂತವೈದ್ಯರು, ಪ್ರೊಫೆಸರುಗಳು, ಕಚೇರಿ ಜನ. ಅಗಸೆ ನಾರಿನ ಬಟ್ಟೆ, ತಲೆಗೆ ಹಸಿರು ದಂಡೆ, ಕಾರಿನ ಡಿಕ್ಕಿಯಲ್ಲಿ ಬಿಯರ್ ಪೀಪಾಯಿ. ಕಲ್ಲು ಪೇರಿಸಿ ಬೆಂಕಿ ಹಾಕಿ ಅದಕ್ಕೆ ಉಪ್ಪು, ರೊಟ್ಟಿ ಅರ್ಪಿಸಿ, ಬಿಯರು ಎರೆದು ಯೋರೆ ಮಾಡುತ್ತಿದ್ದರು. ಬಣ್ಣದ ಮೊಟ್ಟೆಯನ್ನು ಎಡಕ್ಕೆ ಉರುಳಿಸಬೇಕೋ ಬಲಕ್ಕೋ ಎಂದು ಪುಸ್ತಕ ತೆರೆದು ವಾದ ಮಾಡುತ್ತಿದ್ದರು. ಬೆಂಕಿಯನ್ನು ಪೂಜಿಸಲು ಬಂದವರಿಗೆ ಒದ್ದೆ ಸೌದೆ ಯಾವುದು, ಒಣಗಿದ್ದು ಯಾವುದು ಗೊತ್ತಾಗುವುದಿಲ್ಲ ಎಂದು ಊರು ನಗುತ್ತಿತ್ತು. ಪಾದ್ರಿ ಒಂದೆರಡು ಸಲ ಮುಖ ಗಂಟಿಕ್ಕಿ ಸುಮ್ಮನಾದರು. ಉರ್ಶುಲೆ ಪ್ರತಿವರ್ಷ ಅವರಿಗೆ ಒಂದು ಗಾಡಿ ಒಣ ಸೌದೆ ಕೊಡುತ್ತಿದ್ದಳು. ಹೋಗುವಾಗ ಅವರು ಬೆಂಕಿಯನ್ನು ತುಳಿದು ಆರಿಸದೆ, ಬೂದಿ ಹೊದಿಸಿ, ಮಲಗು ತಾಯಿ ಎಂದು ಹೇಳಿ ಹೋಗುತ್ತಾರೆ ಎಂಬುದನ್ನು ಅವಳು ಬೇಲಿಯ ಬಳಿ ನಿಂತು ನೋಡಿದ್ದಳು. ಅಗೋತಾ ದಿನಾ ಒಲೆಯ ಮುಂದೆ ಮಾಡುತ್ತಿದ್ದದ್ದೂ ಅದನ್ನೇ.

ಈ ಸಲ ಹಬ್ಬದ ಹಿಂದಿನ ಮಧ್ಯಾಹ್ನ ಉರ್ಶುಲೆ ಕಿಟಕಿಯ ಬಳಿ ಕುಳಿತು ಆಲೂಗಡ್ಡೆ ಹೆರೆಯುತ್ತಿದ್ದಳು. ಗುಡ್ಡದಲ್ಲಿ ನಾಲ್ಕು ಹೆಂಗಸರು ಹಾಡು ಅಭ್ಯಾಸ ಮಾಡುತ್ತಿದ್ದರು. ಅವಳ ಕೈಯ ಚಾಕು ನಿಂತಿತು. ಅದು ಅಗೋತಾಳ ಹಾಡು. ಎಪ್ಪತ್ತೈದು ವರ್ಷದಿಂದ ಭೂಮಿಯ ಮೇಲೆ ಯಾರೂ ಹಾಡಿರದ ಹಾಡು. ಮಾತು ಅವೇ, ಅಜ್ಜಿಯ ಸ್ವರವೂ ಅದೇ. ಆದರೆ ಅದರ ಜೊತೆಯಲ್ಲಿ ಹೋಗುತ್ತಿದ್ದ ಎರಡನೆಯ ದನಿ ಚರ್ಚಿನ ಹಾಡಿನಂತೆ ಸಿಹಿಯಾಗಿ, ದೂರ ಕಾದುಕೊಂಡು, ಅಡ್ಡ ಬಾರದೆ ಹೋಗುತ್ತಿತ್ತು.

ಸಂಜೆ ಸೌದೆ ಒಯ್ಯಲು ವೈವಾ ಎಂಬ ಹೆಂಗಸು ಬಂದಳು. ಊತೆನಾದ ಆಸ್ಪತ್ರೆಯಲ್ಲಿ ದಾದಿ. ಹಾಡಿನವರಿಗೆಲ್ಲ ಅವಳೇ ಮುಂದು. ಆ ಹಾಡು ಎಲ್ಲಿ ಸಿಕ್ಕಿತು ಎಂದು ಉರ್ಶುಲೆ ಕೈಗಾಡಿಗೆ ಸೌದೆ ಎತ್ತಿಡುತ್ತಲೇ ಕೇಳಿದಳು. ಹಳೆಯ ಕಡತದಲ್ಲಿ ಸಿಕ್ಕಿತು, ನಿಮ್ಮ ಊರಿನದ್ದೇ ಎಂದಳು ವೈವಾ. ಯುದ್ಧವಾದ ಮೂರನೆಯ ವರ್ಷ ಬೇಸಿಗೆಯಲ್ಲಿ ಯಾರೋ ಹಾಡು ಸಂಗ್ರಹಿಸುವವರು ಬಂದು ಅಗೋತಾ ಎಂಬ ಒಬ್ಬ ಹೆಂಗಸಿನ ಬಾಯಿಂದ ಬರೆದುಕೊಂಡಿದ್ದರಂತೆ.

"ಅರ್ಧ ಮಾತ್ರ ಇದೆ ಅಜ್ಜಿ. ಕೆಳಗೆ ಒಂದು ಸಾಲು ಬರೆದಿದ್ದಾರೆ, ಎರಡನೇ ಹಾಡುಗಾರ್ತಿ ಮನೇಲಿ ಇರ್ಲಿಲ್ಲ ಅಂತ. ಉಳಿದರ್ಧ ನಾವೇ ಕಟ್ಟಿದ್ವಿ. ಹೇಗಿತ್ತು?"

ಮನೆಯಲ್ಲಿ ಇರಲಿಲ್ಲ. ಬರೆದವನಿಗೂ ಹೆಂಡತಿ ಮಕ್ಕಳಿದ್ದರು, ಅದಕ್ಕಿಂತ ಹೆಚ್ಚು ಬರೆಯುವ ಹಾಗಿರಲಿಲ್ಲ. ಉರ್ಶುಲೆ ಸೌದೆಯ ತುಂಡನ್ನು ಎದೆಗವಚಿಕೊಂಡಳು.

"ಚೆನ್ನಾಗಿತ್ತು. ಆದ್ರೆ ನಿಮ್ಮ ದನಿಗಳು ಜಗಳಾನೇ ಆಡಲ್ಲ."

ವೈವಾ ಎತ್ತಿದ್ದ ಕೈಗಾಡಿಯ ಹಿಡಿ ಕೆಳಗಿಟ್ಟಳು. ಆ ಉಳಿದರ್ಧ ನಿಮಗೆ ಗೊತ್ತಾ ಎಂದು ಕೇಳಿದಳು. ನನಗೆ ಹಾಡಲು ಬರುವುದಿಲ್ಲ, ಬೇಕಾದರೆ ಊರಲ್ಲಿ ಕೇಳು ಎಂದಳು ಉರ್ಶುಲೆ. ಬೇಲಿಯಾಚೆ ಬಟ್ಟೆ ತೆಗೆಯುತ್ತಿದ್ದ ಯಾನಿನಾ, ಯಾರೂ ತನ್ನನ್ನು ಕೇಳದಿದ್ದರೂ ಸಾಕ್ಷಿ ಹೇಳಿದಳು.

"ಅವಳ್ನ ಹಾಡಿಸ್ಬೇಡಿ ಕಣಮ್ಮ, ನಿಮ್ಮ ದೇವರು ಮತ್ತೆ ಕಾಡು ಸೇರ್ಕೊಂಡಾನು."

ಉರ್ಶುಲೆಯೂ ನಕ್ಕಳು. ವೈವಾ ನಗಲಿಲ್ಲ. ಒತ್ತಾಯವನ್ನೂ ಮಾಡಲಿಲ್ಲ. ಬೆಳಿಗ್ಗೆ ಬನ್ನಿ ಎಂದಷ್ಟೇ ಹೇಳಿ ಹೋದಳು.

ಬೆಳಿಗ್ಗೆ ಕೆರೆಯಿಂದ ಮಂಜು ಏಳುತ್ತಿತ್ತು. ಬರ್ಚ್ ಎಲೆಗಳು ಇಲಿಯ ಕಿವಿಯಷ್ಟಾಗಿದ್ದವು. ಗುಡ್ಡದ ಕೆಳಗೆ ಹಿಮದಡಿಯಲ್ಲಿ ಬದುಕಿ ಬಂದ ರೈ ಪೈರು ಗೇಣುದ್ದ ನಿಂತಿತ್ತು. ಜನ ಗುಡ್ಡದಲ್ಲಿ ಬೆಂಕಿಗೆ ಅರ್ಪಿಸಬೇಕಾದದ್ದನ್ನೆಲ್ಲ ಅರ್ಪಿಸಿ ಇಳಿದು ಬಂದು ಬದುವಿನ ಮೇಲೆ ನಿಂತರು. ಊರಿನವರೂ ನಾಲ್ಕಾರು ಮಂದಿ ತಮಾಷೆ ನೋಡಲು ಬಂದಿದ್ದರು. ಯಾನಿನಾ ಚರ್ಚಿನ ಕೋಟು ತೊಟ್ಟು ಬಂದಿದ್ದಳು. ಉರ್ಶುಲೆಯ ಕೈಗೆ ಯಾರೋ ರೊಟ್ಟಿ ಕೊಟ್ಟಿದ್ದರು.

ವೈವಾ ಉಳಿದ ಮೂವರನ್ನು ಸುಮ್ಮನಿರಿಸಿ ಒಬ್ಬಳೇ ಹಾಡತೊಡಗಿದಳು. ಕಡತದಲ್ಲಿದ್ದ ಅರ್ಧ, ಇದ್ದದ್ದು ಇದ್ದ ಹಾಗೆ. ಹಾಡುತ್ತ ಬದುವಿನ ಮೇಲೆ ನಿಧಾನವಾಗಿ ನಡೆದಳು. ತನ್ನ ಎಡಕ್ಕೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟಿದ್ದಳು.

ಉರ್ಶುಲೆಗೆ ಕಂಡದ್ದು ವೈವಾ ಅಲ್ಲ. ಜೊತೆಗಾತಿಯನ್ನು ಕಳೆದುಕೊಂಡ ಬೇಸಿಗೆಯಲ್ಲಿ, ಬರೆದುಕೊಳ್ಳಲು ಬಂದ ಅಪರಿಚಿತನ ಮುಂದೆ ಒಬ್ಬಳೇ ಕುಳಿತು ಅರ್ಧ ಹಾಡು ಹೇಳಿದ ಅಗೋತಾ. ಅಜ್ಜಿಯನ್ನು ಹಾಗೆ ಒಂಟಿಯಾಗಿ ನಡೆಯಲು ಬಿಡುವುದು ಅವಳಿಂದಾಗಲಿಲ್ಲ. ಕಾಲು ತಾನಾಗಿ ಬದು ಹತ್ತಿತು. ಖಾಲಿ ಜಾಗಕ್ಕೆ ಹೋಗಿ ನಿಂತಳು. ಬಾಯಿ ತೆರೆದಳು, ದನಿ ಬರಲಿಲ್ಲ. ಹತ್ತು ಹೆಜ್ಜೆ ಬರಿದೆ ತುಟಿ ಆಡಿಸುತ್ತ ನಡೆದಳು. ಆಮೇಲೆ ದನಿ ಬಂತು, ತುಕ್ಕು ಹಿಡಿದ ಅಗುಳಿ ಜಾರಿದಂತೆ. ಆದರೆ ಬಂದದ್ದು ಸೀದಾ ವೈವಾಳ ಸ್ವರದ ಮೇಲೆ ಹೋಗಿ ಕೂತಿತು. ಎಪ್ಪತ್ತಮೂರು ವರ್ಷದ ಹೆದರಿಕೆ ಅವಳನ್ನು ಮೇಷ್ಟ್ರು ಹೇಳಿದ ಕಡೆಗೇ ಎಳೆದೊಯ್ದಿತ್ತು. ಹಾಡು ನೆಲಕ್ಕೆ ಬಿತ್ತು. ಬದುವಿನ ಮೇಲೆ ಯಾರೋ ಕೆಮ್ಮಿದರು.

ಮೇಲೆ ಬರಬೇಡ, ಪಕ್ಕಕ್ಕೆ ಬಾ. ಉರ್ಶುಲೆ ಕಣ್ಣು ಮುಚ್ಚಿಕೊಂಡು ಒಂದೇ ಒಂದು ಸ್ವರ ಆಚೆಗೆ ಸರಿದಳು.

ಆಗ ಆದದ್ದನ್ನು ಅಲ್ಲಿದ್ದವರು ಇವತ್ತಿಗೂ ಸರಿಯಾಗಿ ಹೇಳಲಾರರು. ಎರಡು ದನಿಗಳು ಒಂದಕ್ಕೊಂದು ಉಜ್ಜಿ ಅವುಗಳ ನಡುವೆ ಗಾಳಿಯೇ ಬಡಿದುಕೊಳ್ಳತೊಡಗಿತು. ಹಾಡುತ್ತಿದ್ದವರು ಇಬ್ಬರು, ಕೇಳುತ್ತಿದ್ದದ್ದು ಮೂರನೆಯದೊಂದು. ಅದು ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಹಲ್ಲಿನಲ್ಲಿ, ಎದೆಗೂಡಿನಲ್ಲಿ, ಕೈಯಲ್ಲಿ ಹಿಡಿದ ರೊಟ್ಟಿಯಲ್ಲಿ ಅದರ ಅದುರುವಿಕೆ ತಿಳಿಯುತ್ತಿತ್ತು. ಪ್ರೊಫೆಸರೊಬ್ಬರು ಮೆಲ್ಲಗೆ ತಲೆಯ ದಂಡೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ತಮಾಷೆ ನೋಡಲು ಬಂದವರು ತಾವು ಯಾಕೆ ಬಂದೆವೆಂಬುದನ್ನು ಮರೆತರು. ಹೆದರಿದ ವೈವಾ ತನ್ನ ಸ್ವರ ಬಿಟ್ಟು ದೂರ ಸರಿಯಲು ಹೊರಟಾಗ ಉರ್ಶುಲೆ ಅವಳ ಮುಂಗೈ ಬಿಗಿಯಾಗಿ ಹಿಡಿದಳು, ಹಾಲು ಕುಡಿಯಲೊಲ್ಲದ ಕರುವಿನ ಕಿವಿ ಹಿಡಿಯುವಂತೆ. ಹೊಲವಿಡೀ ಕಿವಿಯಾಗಿತ್ತು. ತಾನು ತಪ್ಪಾಗಿರಲಿಲ್ಲ ಎಂಬುದು ಆ ಮುದುಕಿಗೆ ಗಂಟಲಿನಲ್ಲೇ ತಿಳಿಯಿತು. ಇಡೀ ಆಯಸ್ಸು ಅವಳು ನಿಲ್ಲಬೇಕಾದ ಜಾಗದಲ್ಲೇ ನಿಂತಿದ್ದಳು, ಪಕ್ಕದಲ್ಲಿ ಯಾರೂ ಇರಲಿಲ್ಲ, ಅಷ್ಟೇ.

ಎರಡು ಸುತ್ತು ಮುಗಿದಾಗ ಬದುವಿಗೆ ಅಡ್ಡವಾಗಿ ಯಾನಿನಾ ನಿಂತಿದ್ದಳು. ಮುಖ ಬಿಳಿಚಿತ್ತು.

"ಇದನ್ನ ಯಾರು ಕಲಿಸಿದ್ದು ನಿಂಗೆ?"

ಉರ್ಶುಲೆ ಉಸಿರು ಸುಧಾರಿಸಿಕೊಂಡಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

"ಇದು ನಂದಲ್ಲ ಕಣೆ. ನಿನ್ನಜ್ಜಿ ಕೊತ್ರೀನಾದು. ಬರೋತನಕ ಇಟ್ಕೊಂಡಿರು ಅಂದಿದ್ಲು ನಮ್ಮಜ್ಜಿ. ಬರ್ಲಿಲ್ಲ. ನಿಂಗೆ ಯಾವತ್ತೋ ಕೊಡ್ಬೇಕಿತ್ತು. ನಾಚ್ಕೆ ಆಯ್ತು."

ಯಾನಿನಾ ಚರ್ಚಿನ ಕೋಟಿನ ಗುಂಡಿಯನ್ನು ಹಾಕುತ್ತ ಬಿಚ್ಚುತ್ತ ನಿಂತಳು.

"ನಮ್ಮನೇಲಿ ಅವಳದ್ದು ಒಂದು ಫೋಟೋನೂ ಇಲ್ಲ," ಎಂದಳು. "ಅಪ್ಪ ಎಲ್ಲಾ ಸುಟ್ಟುಬಿಟ್ಟ. ಇನ್ನೊಂದ್ಸಲ ಹಾಡು. ಹೇಗಿದ್ಲು ಅಂತ ನೋಡ್ತೀನಿ."

ಮೂರನೆಯ ಸುತ್ತು ಬಾಕಿಯಿತ್ತು. ವೈವಾ ಶುರು ಮಾಡಿದಳು, ಉರ್ಶುಲೆ ಅವಳ ಪಕ್ಕಕ್ಕೆ ಬಂದಳು, ಯಾನಿನಾ ಉರ್ಶುಲೆಯ ತೋಳು ಹಿಡಿದು ಕಿವಿಯನ್ನು ಅವಳ ಬಾಯಿಗೆ ಆನಿಸಿಕೊಂಡಂತೆ ನಡೆದಳು. ಅರ್ಧ ಹೊಲ ದಾಟುವ ಹೊತ್ತಿಗೆ ಅವಳೂ ಬಾಯಿ ತೆರೆದಳು. ಆ ಜೇನಿನ ಕಂಠ ಮೂರು ಸಲ ವೈವಾಳ ಸ್ವರದ ಮೇಲೆ ಬಿತ್ತು. ನಾಲ್ಕನೆಯ ಸಲ ಪಕ್ಕಕ್ಕೆ ಬಂತು, ಬಂದು ನಿಂತಿತು. ಉರ್ಶುಲೆ ಒಂದಿಷ್ಟು ದೂರ ಅವಳ ಜೊತೆಗೇ ಹಾಡಿ, ಆಮೇಲೆ ತನ್ನ ದನಿ ನಿಲ್ಲಿಸಿ, ಕೊತ್ರೀನಾ ಹಾಡುವುದನ್ನು ಕೇಳುತ್ತ ಹೊಲದ ಕೊನೆಯವರೆಗೆ ನಡೆದಳು.