ನನ್ನ ಬಾಗಿಲಿನ ಹಳದಿ ಪಟ್ಟಿ

ನಮ್ಮ ಅಳಿಯನ ಕೆಲಸ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಇಷ್ಟೇ: ಹೊತ್ತಿಕೊಳ್ಳದ ಬೆಂಕಿಯನ್ನ ಆರಿಸೋದು. ಬಣ್ಣದ ಕಾರ್ಖಾನೆಯಲ್ಲಿ ಬೆಂಕಿ ಬೀಳದ ಹಾಗೆ ನೋಡಿಕೊಳ್ಳೋ ಮೇಲ್ವಿಚಾರಕ ಅವನು. ಡಬ್ಬಿಗಟ್ಟಲೆ ಬಣ್ಣ, ಪೀಪಾಯಿಗಟ್ಟಲೆ ಥಿನ್ನರು, ಒಂದು ಕಿಡಿ ಸಾಕು ಅನ್ನೋ ಜಾಗ. ಅವನು ಸೇರಿದ ಮೇಲೆ ಅಲ್ಲಿ ಒಂದು ಸಲವೂ ಬೆಂಕಿ ಬಿದ್ದಿಲ್ಲ. ಹಾಗಂದ್ರೆ ಕೆಲಸ ಚೆನ್ನಾಗಿ ಮಾಡ್ತಾನೆ ಅಂತಲೋ, ಮಾಡೋಕೆ ಕೆಲಸವೇ ಇಲ್ಲ ಅಂತಲೋ, ನನಗೆ ಮೊದಲಿಂದಲೂ ಒಂದು ಅನುಮಾನ. ಎದುರಿಗಿದ್ರೆ "ನೀವು" ಅಂತೀನಿ, ಬೆನ್ನ ಹಿಂದೆ "ಅವನು". ಅತ್ತೆ ಅಂತಾದ ಮೇಲೆ ಅಷ್ಟೂ ಹಕ್ಕಿಲ್ಲದಿದ್ರೆ ಹೇಗೆ!

ಎಲ್ಲಿಗೆ ಕರ್ಕೊಂಡು ಹೋದ್ರೂ ಅವನ ಕಣ್ಣು ಮೊದಲು ಬಾಗಿಲು ಹುಡುಕುತ್ತೆ. ಸಿನಿಮಾಗೆ ಹೋದ್ರೆ ನಾವೆಲ್ಲ ಸೀಟು ಹುಡುಕ್ತಿದ್ರೆ ಇವನು ಹೊರಗೆ ಓಡೋ ದಾರಿ ನೋಡ್ತಾ ನಿಂತಿರ್ತಾನೆ. ಕಾರ್ಖಾನೆಯಲ್ಲಿ ಆಗಾಗ ಸೀಟಿ ಊದಿ, ಬೆಂಕಿ ಬಿತ್ತು ಅಂತ ಸುಳ್ಳು ಹೇಳಿ, ಎಲ್ಲರನ್ನೂ ಗೇಟಿನ ಮುಂದೆ ನಿಲ್ಲಿಸಿ ತಲೆ ಎಣಿಸೋದು ಅವನ ಕೆಲಸ. ಅದಕ್ಕೆ ಸಂಬಳ ಬೇರೆ ಕೊಡ್ತಾರೆ. "ಸಾಮಾನು ಬಿಡಿ, ತಲೆ ಎಣಿಸಿ" ಅನ್ನೋದು ಅವನ ಮಂತ್ರ.

ಇನ್ನು ನನ್ನ ವಿಷಯ. ಅಮ್ಮ ಎಲ್ಲದಕ್ಕೂ ಮೂಗು ತೂರಿಸ್ತಾಳೆ ಅಂತಾಳೆ ಮಗಳು. ನಾನು ಅದನ್ನ ವಿಚಾರಿಸೋದು ಅಂತೀನಿ. ಮಂಡಿ ಆಪರೇಷನ್ ಆದ ಮೇಲೆ ಮಗಳ ಮನೆಗೆ ಬಂದವಳು ಇಲ್ಲೇ ಉಳಿದುಬಿಟ್ಟೆ. ಕಾಲು ಓಡಲ್ಲ, ಕಣ್ಣು ಕಿವಿಯನ್ನಾದ್ರೂ ಓಡಿಸಬಾರದಾ?

ಒಂದು ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಸೀಟಿ ಕೇಳಿಸ್ತು. ಎದ್ದು ಬಿದ್ದು ಬಂದು ನೋಡಿದ್ರೆ ಅಳಿಯ ಸೀಟಿ ಹಿಡ್ಕೊಂಡು ಮಧ್ಯದಲ್ಲಿ ನಿಂತಿದ್ದಾನೆ. ಮಗಳ ಕೈಯಲ್ಲಿ ಪೊರಕೆ, ಮೊಮ್ಮಗಳ ಬಾಯಲ್ಲಿ ಹಲ್ಲುಜ್ಜೋ ಬ್ರಷ್ಷು.

"ಮುಂದಿನ ತಿಂಗಳಿಂದ ನನ್ನ ಸಂಬಳ ಹೋಯ್ತು ಅಂದ್ಕೊಳ್ಳಿ" ಅಂದ.

ಮಗಳ ಕೈಯಿಂದ ಪೊರಕೆ ಬಿತ್ತು. "ಹೋಯ್ತಾ?"

"ಹೋಗಿಲ್ಲ. ಹೋಯ್ತು ಅಂದ್ಕೊಳ್ಳಿ. ಅಭ್ಯಾಸ ಇದು."

"ಅಪಶಕುನ ನುಡೀಬೇಡಿ!" ಅಂತ ನಾನು ರೇಗಿದೆ. ಆಮೇಲೆ ತಡೆಯೋಕಾಗದೆ ಕೇಳಿದೆ: "ಯಾಕೆ, ಏನಾಯ್ತು?"

ಕಾರ್ಖಾನೆಯನ್ನ ಯಾರೋ ಕೊಂಡುಕೊಂಡಿದ್ದಾರಂತೆ. ಆ ಹೊಸ ಧಣಿಗೆ ಆಗಲೇ ಇನ್ನೊಂದು ಬಣ್ಣದ ಕಾರ್ಖಾನೆ ಇದೆಯಂತೆ. ಕೆಲಸ ತೆಗೀತೀವಿ ಅಂತ ಯಾರೂ ತುಟಿ ಪಿಟಕ್ ಅಂದಿಲ್ಲ. ಆದ್ರೆ ಕ್ಯಾಂಟೀನಿನಲ್ಲಿ ಚಹಾದ ಲೋಟ ಚಿಕ್ಕದಾಗಿದೆ ಅಂದ ಅಳಿಯ. ಲೋಟ ಚಿಕ್ಕದಾದ್ರೆ ಕೆಲಸ ಯಾಕೆ ಹೋಗ್ಬೇಕು ಅಂತ ಮೊಮ್ಮಗಳು ನಕ್ಕಳು. "ಬೆಂಕಿಗೆ ಮೊದಲು ಹೊಗೆ ಬರುತ್ತೆ ಪುಟ್ಟಿ. ಹೊಗೆ ಕಂಡಾಗಲೇ ದಾರಿ ನೋಡ್ಕೋಬೇಕು" ಅಂದ.

ಅವನ ಏರ್ಪಾಡು ಹೀಗಿತ್ತು. ಅವನ ಸಂಬಳ ಬಂದದ್ದು ಬಂದ ಹಾಗೇ ಬೇರೊಂದು ಖಾತೆಗೆ, ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡ್ತಾಳೆ, ಮನೆ ನಡೀಬೇಕಾದ್ದು ಅವಳೊಬ್ಬಳ ಸಂಬಳದಲ್ಲಿ. ನಡೆಯುತ್ತೋ ಇಲ್ಲವೋ, ಎಲ್ಲಿ ಮುಗ್ಗರಿಸ್ತೀವೋ, ಈಗಲೇ ಗೊತ್ತಾಗಲಿ ಅಂತ. ಜೇಬಿನಿಂದ ಮೂರು ಬಣ್ಣದ ಅಂಟುಪಟ್ಟಿ ತೆಗೆದ. ಕಾರ್ಖಾನೆಯಲ್ಲಿ ಬೇಕಾದಷ್ಟು ಬಿದ್ದಿರುತ್ತೆ, ಇವನು ಅಂಗಡಿಯಿಂದ ದುಡ್ಡು ಕೊಟ್ಟು ತಂದಿದ್ದ. ಅಂಥ ಮನುಷ್ಯ.

"ಕೆಂಪು ಹಚ್ಚಿದ್ದು ಈವತ್ತೇ ನಿಲ್ಲುತ್ತೆ. ಹಳದಿ ಹಚ್ಚಿದ್ದು ಒಂದಷ್ಟು ದಿನ ನೋಡಿ, ಆಗದಿದ್ರೆ ಆಮೇಲೆ ನಿಲ್ಲುತ್ತೆ. ಹಸಿರಿನ ತಂಟೆಗೆ ಯಾರೂ ಹೋಗಬಾರದು."

ಮೊದಲ ಕೆಂಪು ಪಟ್ಟಿಯನ್ನ ತನ್ನ ಬೈಕಿಗೇ ಹಚ್ಚಿಕೊಂಡ, ಇನ್ನು ಮೇಲೆ ಬಸ್ಸು ಅಂದ. ಟೀವಿಗೆ ಕೆಂಪು. ಮೊಮ್ಮಗಳ ಈಜಿನ ಚೀಲಕ್ಕೆ ಹಳದಿ, ಅವಳು ಮೂರು ಹೊತ್ತು ಮುಖ ಊದಿಸ್ಕೊಂಡಿದ್ದಳು. ಒಲೆಗೆ, ಅವಳ ಸ್ಕೂಲ್ ಬ್ಯಾಗಿಗೆ, ನನ್ನ ಬಿಪಿ ಮಾತ್ರೆಯ ಡಬ್ಬಿಗೆ ಹಸಿರು.

ನಿಜ ಹೇಳ್ತೀನಿ, ನನಗೆ ಈ ಆಟ ಬಹಳ ಹಿಡಿಸಿಬಿಡ್ತು. ಎಷ್ಟೋ ವರ್ಷ ಆಗಿತ್ತು ಮನೆಯಲ್ಲಿ ಇಷ್ಟೊಂದು ವಿಚಾರಿಸೋ ಸಂಗತಿ ಸಿಕ್ಕಿ. ಕೋಣೆ ಕೋಣೆಗೂ ಹೋಗಿ ಯಾವುದಕ್ಕೆ ಯಾವ ಬಣ್ಣ ಅಂತ ನೋಡೋದು, ಸಂಜೆ ಅವನು ಬಂದ ತಕ್ಷಣ ಹಿಡ್ಕೊಳ್ಳೋದು. ಮಿಕ್ಸಿಗೇಕೆ ಹಳದಿ? ಅದು ಕೆಟ್ಟರೆ ರಿಪೇರಿ ಮಾಡಿಸಲ್ಲ ಅಂತ. ಫ್ರಿಜ್ಜಿಗೆ ಹಸಿರು ಯಾಕೆ? ಅದರ ಸಾಲದ ಕಂತು ಇನ್ನೂ ಇತ್ತು, ಕೈಯಲ್ಲಿ ಕಾಸಿರುವಾಗಲೇ ಪೂರ್ತಿ ಕಟ್ಟಿ ಮುಗಿಸಿಬಿಟ್ಟೆ ಅಂದ. ಆಸ್ಪತ್ರೆ ಖರ್ಚಿನ ವಿಮೆ ಕಂಪನಿ ಕಡೆಯಿಂದ ಇದೆಯಲ್ಲ ಅಂದೆ. "ಕೆಲಸ ಹೋದ ದಿನವೇ ಅದೂ ಹೋಗುತ್ತೆ ಅತ್ತೆ. ಅದಕ್ಕೆ ಈಗಲೇ ನಮ್ಮದೇ ಬೇರೆ ಮಾಡಿಸ್ತಿದ್ದೀನಿ."

"ಇಷ್ಟೆಲ್ಲ ಈಗಲೇ ಯಾಕೆ? ಹೋದಾಗ ನೋಡ್ಕೊಂಡ್ರೆ ಆಗಲ್ವಾ?"

"ಬೆಂಕಿ ಬಿದ್ದಾಗ ತಲೆ ಓಡಲ್ಲ ಅತ್ತೆ. ಕಾಲು ಮಾತ್ರ ಓಡುತ್ತೆ. ಎಲ್ಲಿಗೆ ಓಡಬೇಕು ಅಂತ ಕಾಲಿಗೆ ಮೊದಲೇ ಗೊತ್ತಿರಬೇಕು."

ಮಾತು ಸರಿ ಅನ್ನಿಸ್ತು. ಬೆಂಕಿ ಆರಿಸದ ಬೆಂಕಿಯವನ ಮೇಲೆ ಮೊದಲ ಸಲ ಗೌರವ ಬಂತು. ಹಾಗಂತ ಅವನಿಗೆ ಹೇಳೋಕೆ ಹೋಗಲಿಲ್ಲ ಅನ್ನಿ.

ಮೊದಲ ತಿಂಗಳು ಎಡವಿ ಬಿದ್ವಿ. ಮಗಳ ಸಂಬಳ ತಿಂಗಳ ಕೊನೆ ಮುಟ್ಟಲಿಲ್ಲ. ಅಳಿಯ ಬೇಜಾರು ಮಾಡಿಕೊಳ್ಳೋ ಬದಲು ಖುಷಿಪಟ್ಟ, ಎಲ್ಲಿ ಎಡವಿದ್ವಿ ಅಂತ ಗೊತ್ತಾಯ್ತಲ್ಲ ಅಂತ ಇನ್ನೊಂದಷ್ಟು ಕೆಂಪು ಹಚ್ಚಿದ. ಎರಡನೇ ತಿಂಗಳು ಹೇಗೋ ದಾಟಿದ್ವಿ.

ಆ ಹೊತ್ತಿಗೇ ನನ್ನ ಕಣ್ಣಿಗೆ ಅದು ಬಿದ್ದದ್ದು.

ಮಧ್ಯಾಹ್ನ ಮಂಚದ ಮೇಲೆ ಮಲಗಿ ಹೊಸ ಪಟ್ಟಿ ಎಲ್ಲಾದ್ರೂ ಬಂದಿದೆಯಾ ಅಂತ ಮನಸ್ಸಲ್ಲೇ ಮನೆ ಸುತ್ತುತ್ತಾ ಇದ್ದೆ. ನನ್ನ ಕೋಣೆ ಬಾಗಿಲು ಒಳಗಡೆಗೆ ತೆರೆಯುತ್ತೆ, ತೆರೆದ ಬಾಗಿಲಿನ ಹೊರಮೈ ಮಂಚದಿಂದ ಕಾಣುತ್ತೆ. ಮೇಲ್ತುದಿಯಲ್ಲಿ, ನನ್ನ ಕೈಗೆ ಎಟುಕದಷ್ಟು ಎತ್ತರದಲ್ಲಿ, ಒಂದು ಪಟ್ಟಿ. ಹಳದಿ.

ಒಂದಷ್ಟು ದಿನ ನೋಡಿ, ಆಗದಿದ್ರೆ ಆಮೇಲೆ. ನನ್ನ ಮಾತ್ರೆಗೆ ಹಸಿರು, ನನಗೆ ಹಳದಿ! ಮಾತ್ರೆ ಇರುತ್ತಂತೆ, ನುಂಗೋಳು ಹೋಗ್ತಾಳಂತೆ!

ಪಿತ್ತ ನೆತ್ತಿಗೇರಿತು. ಸಂಜೆ ಬರಲಿ, ಮುಖಕ್ಕೆ ಹೊಡೆದ ಹಾಗೆ ಕೇಳ್ತೀನಿ ಅಂದ್ಕೊಂಡೆ. ಬಂದ. ಬಸ್ಸಲ್ಲಿ ನಿಂತು ನಿಂತು ಸುಸ್ತಾಗಿದ್ದ. "ಏನತ್ತೆ, ಈವತ್ತು ಪ್ರಶ್ನೆ ಇಲ್ವಾ?" ಅಂತ ನಕ್ಕ. ಕೇಳಿದ್ರೆ "ಹೌದು" ಅಂದುಬಿಟ್ರೆ? ಊರಿನ ವಿಚಾರವೆಲ್ಲ ಕೆದಕಿ ಕೇಳೋಳು ನಾನು, ಇದೊಂದನ್ನ ಕೇಳೋಕೆ ಧೈರ್ಯ ಬರಲಿಲ್ಲ.

ಎರಡು ದಿನ ಬಿಟ್ಟು, ಅಡುಗೆಮನೆಯಲ್ಲಿ ಮಗಳು ಗಂಡನಿಗೆ ಹೇಳೋದು ಕೇಳಿಸ್ತು. "ಅಮ್ಮನಿಗೆ ಮಾತ್ರ ಹೇಳಬೇಡಿ, ನೊಂದ್ಕೋತಾಳೆ." ಕಿವಿ ನೆಟ್ಟಗಾಯ್ತು. ಮುಂದಿನದ್ದನ್ನ ಕುಕ್ಕರ್ ಸೀಟಿ ನುಂಗಿಹಾಕ್ತು.

ಮಗನಿಗೆ ಫೋನ್ ಮಾಡಿದೆ. ಸುಮ್ಮನೆ ಮಾತಿಗೆ ಅನ್ನೋ ಹಾಗೆ, ನಿನ್ನ ಮನೆಗೆ ಬಂದು ಇರ್ಲಾ ಅಂದೆ.

"ಬಾರಮ್ಮ, ಬೇಡ ಅಂದೋರು ಯಾರು? ಆದ್ರೆ ನೋಡು, ಇಲ್ಲಿ ಲಿಫ್ಟು ಕೆಟ್ಟಿದೆ. ನಿನ್ನ ಮಂಡಿ ಬೇರೆ..."

"ಯಾವಾಗ ಸರಿಯಾಗುತ್ತೆ?"

"ಅದನ್ನೇ ಕೇಳ್ಬೇಕು."

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋದ್ರಲ್ಲಿ ಅವನು ಎತ್ತಿದ ಕೈ, ಅಪ್ಪನ ಹಾಗೇ. ಫೋನ್ ಇಟ್ಟೆ. ಎಲ್ಲಿಗೆ ಓಡಬೇಕು ಅಂತ ನನ್ನ ಕಾಲಿಗೆ ಗೊತ್ತಿರಲಿಲ್ಲ.

ಆಮೇಲೆ ಒಂದು ಉಪಾಯ ಹೊಳೀತು. ಖರ್ಚಾಗೋದಕ್ಕೆ ತಾನೇ ಹಳದಿ? ಖರ್ಚೇ ಆಗದ ಹಾಗೆ ಇದ್ರೆ ಹಸಿರು ಮಾಡಬಹುದಲ್ಲ! ಹಾಲು ನನಗೆ ಸೇರಲ್ಲ ಅಂತ ಚಹಾ ಬಿಟ್ಟೆ. ಸೆಕೆಯಲ್ಲೂ ಫ್ಯಾನ್ ಆರಿಸಿ ಮಲಗಿದೆ. ಮಾತ್ರೆಯನ್ನ ಮುರಿದು ಅರ್ಧ ಈವತ್ತಿಗೆ, ಅರ್ಧ ನಾಳೆಗೆ ಮಾಡಿದೆ. ಬುದ್ಧಿವಂತೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬಟ್ಟೆ ಒಣಹಾಕ್ತಿರುವಾಗ ತಲೆ ಗಿರ್ರ್ ಅಂದು ಹಗ್ಗ ಹಿಡ್ಕೊಂಡು ಕೂತುಬಿಟ್ಟೆ, ಅದನ್ನೂ ಯಾರಿಗೂ ಹೇಳಲಿಲ್ಲ.

ಆದ್ರೆ ಮಗಳು ಔಷಧಿ ಅಂಗಡಿಯವಳು ಅನ್ನೋದನ್ನ ಮರೆತಿದ್ದೆ. ಒಂದು ಬೆಳಿಗ್ಗೆ ಹೊಸ ಮಾತ್ರೆ ಹಾಕೋಕೆ ಡಬ್ಬಿ ತೆರೆದವಳು ಹಾಗೇ ನಿಂತಳು.

"ಅಮ್ಮಾ, ಇದು ಖಾಲಿ ಆಗಿರಬೇಕಿತ್ತು. ಈ ಅರ್ಧ ಚೂರುಗಳೇನು?"

ಕಟ್ಟಿಕೊಂಡಿದ್ದದ್ದೆಲ್ಲ ಒಡೆದುಹೋಯ್ತು. "ಹಳದಿ ಹಚ್ಚಿದೋರಿಗೆ ನನ್ನ ಮಾತ್ರೆ ಲೆಕ್ಕ ಯಾಕೆ? ಒಂದಷ್ಟು ದಿನ ನೋಡಿ ಕಳಿಸೋದು ಅಂತ ತಾನೇ? ಬಾಯಿ ಬಿಟ್ಟು ಹೇಳಿದ್ರೆ ಸೀರೆ ಗಂಟು ಕಟ್ಕೊಂಡು ನಾನೇ ಹೋಗ್ತಿದ್ದೆ!"

ಅಳಿಯ ಶೂ ಹಾಕಿಕೊಳ್ತಾ ಇದ್ದವನು ಒಂದೇ ಕಾಲಿನ ಶೂನಲ್ಲಿ ಬಂದ. "ಯಾವ ಹಳದಿ, ಅತ್ತೆ?"

"ನಾಟಕ ಬೇಡ! ಅದೋ ಅಲ್ಲಿ!"

ಅವನು ತಲೆ ಎತ್ತಿ ನೋಡಿದ. ಕುರ್ಚಿ ಎಳೆದು ಹತ್ತಿದ, ಪಟ್ಟಿಯ ಅಂಚನ್ನ ಉಗುರಿನಿಂದ ಕೆರೆದ. "ಈ ಮನೆ ಬಾಗಿಲುಗಳಿಗೆ ಬಣ್ಣ ಹೊಡೆಸಿ ಎಷ್ಟು ವರ್ಷ ಆಯ್ತು ಅತ್ತೆ?"

"ನಾನು ಬಂದ ಮುಂದಿನ ವರ್ಷ. ಅದಕ್ಕೂ ಇದಕ್ಕೂ ಏನು?"

"ಪಟ್ಟಿ ಅಂಚಿನ ಮೇಲೆ ಬಾಗಿಲಿನ ಬಣ್ಣ ಕೂತಿದೆ. ಇದು ಈಗ ಹಚ್ಚಿದ್ದಲ್ಲ. ನೀವು ಆಸ್ಪತ್ರೆಯಿಂದ ಬಂದ ದಿನ ಹಚ್ಚಿದ್ದು, ನಾನೇ ಮರೆತಿದ್ದೆ." ಕುರ್ಚಿಯಿಂದ ಇಳಿದ. "ಖರ್ಚಿನ ಬಣ್ಣ ನಾನು ಮನೆಗೆ ಅಂತ ಮಾಡಿದ್ದು. ಇದು ಕಾರ್ಖಾನೆಯ ಗುರುತು. ಅಲ್ಲಿ ಬಾಗಿಲ ಮೇಲೆ ಹಳದಿ ಇದ್ರೆ ಅರ್ಥ ಬೇರೆ. ಒಳಗೆ ಬೇಗ ಓಡೋಕಾಗದೋರು ಇದ್ದಾರೆ, ಮೊದಲು ಈ ಬಾಗಿಲಿಗೆ ಹೋಗಿ ಅಂತ."

ಇಂಗು ತಿಂದ ಮಂಗನ ಹಾಗೆ ನಿಂತೆ. ಇಷ್ಟು ವರ್ಷ ಕಣ್ಣೆದುರಿಗಿದ್ರೂ, ಪಟ್ಟಿ ಹುಡುಕೋ ಚಟ ಹತ್ತಿದ ಮೇಲೇ ಅದು ನನಗೆ ಕಂಡದ್ದು. ಹಾಗಾದ್ರೆ ಅಮ್ಮನಿಗೆ ಹೇಳಬೇಡಿ ಅಂದದ್ದೇನು ಅಂತ ಮಗಳ ಕಡೆ ತಿರುಗಿದೆ. ವಿಮೆಯಲ್ಲಿ ನನ್ನದೇ ಕಂತು ಎಲ್ಲರಿಗಿಂತ ದುಬಾರಿಯಂತೆ, ಗೊತ್ತಾದ್ರೆ ಬೇಡ ಅಂತ ಹಠ ಹಿಡೀತೀನಿ ಅಂತ ಮುಚ್ಚಿಟ್ಟಿದ್ದರಂತೆ.

"ಇಷ್ಟು ವರ್ಷದಲ್ಲಿ ಒಂದು ಸಲ ಹೇಳಬಾರದಿತ್ತಾ?" ಅಂತ ಅಳಿಯನ ಮೇಲೆ ಹರಿಹಾಯ್ದೆ. ಅಳು ಬರ್ತಿತ್ತು, ಬೈದರೆ ಸ್ವಲ್ಪ ತಡೆಯುತ್ತೆ.

"ನೀವು ಕೇಳಲಿಲ್ವಲ್ಲ" ಅಂದ. "ಮಿಕ್ಸಿ ಬಗ್ಗೆ ಕೇಳಿದ್ರಿ."

ಆವತ್ತು ಅವನ ಬಸ್ಸು ತಪ್ಪಿತು. ನಾನು ಇಡೀ ಮಾತ್ರೆ ನುಂಗೋವರೆಗೂ ಎದುರಿಗೇ ಕೂತಿದ್ದ.

ಮಳೆಗಾಲ ಮುಗಿಯೋ ಹೊತ್ತಿಗೆ ಒಂದು ದಿನ ಅವನು ಮಧ್ಯಾಹ್ನವೇ ಮನೆಗೆ ಬಂದ. ಕೈಯಲ್ಲಿ ಕೆಲಸದ ಹೆಲ್ಮೆಟ್ಟು, ಕೊರಳಲ್ಲಿ ಸೀಟಿ. ಸ್ಕೂಲಿಂದ ಬಂದ ಮೊಮ್ಮಗಳು ಅವನ ಮುಖ ನೋಡಿ, "ಅಪ್ಪಾ, ಇದು ಅಭ್ಯಾಸನಾ, ನಿಜಾನಾ?" ಅಂದಳು. "ನಿಜ ಪುಟ್ಟಿ" ಅಂದ.

ಸುಳ್ಳು ಹೇಳಲ್ಲ, ಮನೆ ಅಲುಗಾಡಲಿಲ್ಲ. ಅಳುವಿಲ್ಲ, ಕೂಗಾಟವಿಲ್ಲ. ಮುಟ್ಟದೆ ಇಟ್ಟ ಸಂಬಳ ಖಾತೆಯಲ್ಲಿ ಇತ್ತು, ವಿಮೆ ಇತ್ತು, ಸಾಲ ಇರಲಿಲ್ಲ. ಮೊಮ್ಮಗಳು ತಾನಾಗೇ ಹೋಗಿ ಈಜಿನ ಚೀಲವನ್ನ ಅಟ್ಟದ ಮೇಲೆ ಹಾಕಿದಳು. ಎಲ್ಲರ ಕಾಲಿಗೂ ದಾರಿ ಗೊತ್ತಿತ್ತು.

ಒಬ್ಬನದ್ದು ಬಿಟ್ಟು. ಮಾರನೇ ದಿನ ಬೆಳಿಗ್ಗೆ ಅಳಿಯ ಎಂದಿನ ಹಾಗೆ ಸ್ನಾನ ಮಾಡಿದ, ಇಸ್ತ್ರಿ ಅಂಗಿ ಹಾಕಿದ, ಶೂ ಕಟ್ಟಿದ. ಆಮೇಲೆ ಬಾಗಿಲ ಹತ್ತಿರ ನಿಂತು ಏನು ಮಾಡಬೇಕು ಅಂತ ತಿಳಿಯದೆ ಕೋಣೆಗೆ ವಾಪಸ್ ಹೋಗಿ ಬಾಗಿಲು ಹಾಕಿಕೊಂಡ. ಮಗಳು ಕರೆದಳು, ಬರಲಿಲ್ಲ. ಮೂರನೇ ದಿನವೂ ಅದೇ. ಊಟದ ತಟ್ಟೆ ಬಾಗಿಲಿಂದ ಹಾಗೇ ವಾಪಸ್ ಬರ್ತಿತ್ತು. ಮಗಳು ಕಣ್ಣು ಒರೆಸ್ಕೊಂಡು ಅಂಗಡಿಗೆ ಹೋದಳು.

ನಾನು ಹಾಲ್‌ನಲ್ಲಿ ಕೂತು ಯೋಚನೆ ಮಾಡಿದೆ. ಮಿಕ್ಸಿಗೆ, ಫ್ರಿಜ್ಜಿಗೆ, ಚೀಲಕ್ಕೆ, ಡಬ್ಬಿಗೆ, ಎಲ್ಲಕ್ಕೂ ಪಟ್ಟಿ ಹಚ್ಚಿದ್ದ. ಊರಿನ ತಲೆಯೆಲ್ಲ ಎಣಿಸೋ ಮಹಾರಾಯ ತನ್ನದೊಂದು ತಲೆ ಬಿಟ್ಟಿದ್ದ.

ಡ್ರಾಯರಿನಲ್ಲಿ ಹಳದಿ ಸುರುಳಿ ಇನ್ನೂ ಇತ್ತು. ಕುರ್ಚಿ ಹತ್ತೋ ಮಂಡಿ ನನ್ನದಲ್ಲ. ಅವನ ಬಾಗಿಲಿಗೆ, ನನ್ನ ಕೈ ಎಟುಕೋ ಎತ್ತರಕ್ಕೆ, ಒಂದು ಉದ್ದ ತುಂಡು ಹಚ್ಚಿದೆ. ಆಮೇಲೆ ಬಾಗಿಲು ಬಡಿದೆ, ತೆಗೆಯೋವರೆಗೂ ಬಡಿದೆ.

ತೆಗೆದ. ಗಡ್ಡ ಬಂದಿತ್ತು, ಕಾಲಲ್ಲಿ ಶೂ ಇತ್ತು. ನಾನು ಬೆರಳು ಮಾಡಿ ತೋರಿಸಿದೆ.

ಅವನು ಪಟ್ಟಿ ನೋಡಿದ, ನನ್ನ ಮುಖ ನೋಡಿದ. ಚಿಕ್ಕ ಮಗುವಿನ ಹಾಗೆ ಬಾಗಿಲಿಗೆ ಹಣೆ ಆನಿಸಿ ಅತ್ತುಬಿಟ್ಟ.

"ಅಳಪ್ಪ, ಅತ್ತು ಮುಗಿಸು" ಅಂದೆ. ಮೊದಲ ಸಲ ಅವನೆದುರಿಗೆ "ನೀನು" ಅಂತ ಬಾಯಿಗೆ ಬಂದಿತ್ತು, ಇಬ್ಬರೂ ಗಮನಿಸಲಿಲ್ಲ. "ಆಮೇಲೆ ಶೂ ಬಿಚ್ಚಿ ಅಡುಗೆಮನೆಗೆ ಬಾ. ಚಹಾ ಮಾಡ್ತೀನಿ, ದೊಡ್ಡ ಲೋಟದಲ್ಲಿ."