ತೋರಿಕೆಗಿಟ್ಟ ಎರಡು ಬಾಕ್ಸುಗಳು

ಮೊನ್ನೆ ಮಂಗಳವಾರ ನಮ್ಮ ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತಂತಿಯ ಸುರುಳಿಯೊಂದನ್ನು ಬ್ಯಾಟರಿಗೆ ಹಚ್ಚಿ ಮರೆತುಬಿಟ್ಟಳು. ಪ್ರಯೋಗಶಾಲೆ ಎನ್ನುವುದು ನಮ್ಮ ದೊಡ್ಡಸ್ತಿಕೆ. ಇರುವುದು ಎರಡು ಕಪಾಟು, ಒಂದು ಉದ್ದನೆಯ ಮೇಜು. ಸ್ವಲ್ಪ ಹೊತ್ತಿಗೆ ಬಿಸಿಯಾದ ವಾರ್ನಿಷಿನ ವಾಸನೆ ಎದ್ದಿತು. ಹುಡುಗಿ ಹೆದರಿ ತಂತಿ ಕಿತ್ತಳು. ಏನೂ ಆಗಿರಲಿಲ್ಲ. ಆದರೆ ನನ್ನ ಕಿವಿ ಕೆಂಪಾದವು. ಈ ವಾಸನೆ ಬಂದರೆ ಸಾಕು, ಹನ್ನೆರಡು ವರ್ಷದ ಹಿಂದೆ ತಾಂಬಾದ ಒಂದು ಮದುವೆಯಲ್ಲಿ ನಾನು ಮಾಡಿದ ಘನಕಾರ್ಯ ನೆನಪಾಗಿ, ಯಾರಾದರೂ ನೋಡುತ್ತಿದ್ದಾರೋ ಎಂದು ಅತ್ತಿತ್ತ ನೋಡುತ್ತೇನೆ. ಹೇಳಿದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ.

ಮೊದಲು ನನ್ನ ಪರಿಚಯವಾಗಲಿ. ನಾನು ವಿಜ್ಞಾನದ ಮಾಸ್ತರ, ಇಂಡಿಯವನು. ನಮ್ಮ ಮನೆಯಲ್ಲಿ ದೇವರ ಮುಂದೆ ಮರಾಠಿ, ಅಡುಗೆಮನೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಇಂಥ ಮನೆಗೆ ನಾನು ಸೊಲ್ಲಾಪುರದಿಂದ ಒಂದು ಬೇಸ್ ಗಿಟಾರು ತಂದೆ. ನಮ್ಮವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅರೇ, ಚಾರಚ ತಾರಾ? ಬಾಕೀಚ್ಯಾ ಕುಠೇ ಗೇಲ್ಯಾ?" ಎಂದಳು. ನಾಲ್ಕೇ ತಂತಿ, ಉಳಿದವು ಎಲ್ಲಿ ಹೋದವು ಎಂದು ಆಕೆಯ ಚಿಂತೆ. ಅಂಗಡಿಯವನು ಮೋಸ ಮಾಡಿದ್ದಾನೆ ಎಂದು ಬಹಳ ದಿನ ನಂಬಿದ್ದಳು. ಬೇಸ್ ಎಂಬ ವಾದ್ಯದ ಹಣೆಬರಹವೇ ಅಷ್ಟು. ನುಡಿಸುತ್ತಿರುವಾಗ ಯಾರಿಗೂ ಕೇಳಿಸುವುದಿಲ್ಲ, ನಿಲ್ಲಿಸಿದರೆ ಮಾತ್ರ ಹಾಡಿನಲ್ಲಿ ಏನೋ ಕಡಿಮೆಯಾಯಿತು ಎಂದು ಎಲ್ಲರಿಗೂ ಅನಿಸುತ್ತದೆ.

ನಾವು ನಾಲ್ಕು ಜನ ಮಾಸ್ತರರು ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದ್ದೆವು. ರಜೆಯ ದಿನ ಮದುವೆಗಳಲ್ಲಿ ಹಾಡುತ್ತಿದ್ದೆವು. ನಮ್ಮ ಕಡೆಯ ಒಂದು ರೂಢಿ ನಿಮಗೆ ಗೊತ್ತಿರಬೇಕು. ಮದುವೆಯವರು ಸೌಂಡ್ ಸರ್ವಿಸಿನವರನ್ನು ಕೇಳುವ ಮೊದಲ ಪ್ರಶ್ನೆ ದನಿ ಹೇಗಿದೆ ಎಂದಲ್ಲ, ಎಷ್ಟು ಸ್ಪೀಕರ್ ಬಾಕ್ಸು ಇಡುತ್ತೀರಿ ಎಂದು. ಬೀಗರು ಚಪ್ಪರಕ್ಕೆ ಕಾಲಿಟ್ಟ ಕೂಡಲೇ ಎಣಿಸುತ್ತಾರೆ. ಆ ಮನೆಯ ಮದುವೆಗೆ ನಾಲ್ಕಿದ್ದರೆ ಈ ಮನೆಯದಕ್ಕೆ ಎರಡಿದ್ದು ನಡೆಯುವುದಿಲ್ಲ. ಹೀಗಾಗಿ ಸೌಂಡ್ ಸರ್ವಿಸಿನವರು ತಮ್ಮ ಮಷೀನು, ಅಂದರೆ ಆಂಪ್ಲಿಫೈಯರು, ಎಳೆಯುವಷ್ಟು ಬಾಕ್ಸಿಗೆ ವೈರು ಕೊಟ್ಟು, ಉಳಿದವನ್ನು ಸುಮ್ಮನೆ ಅಂದಕ್ಕೆ ನಿಲ್ಲಿಸುತ್ತಿದ್ದರು. ಇದು ಅವರಲ್ಲೇ ಇದ್ದ ಗುಟ್ಟು. ವಿಜ್ಞಾನ ಕಲಿಸುವ ನನಗೆ ಗೊತ್ತಿರಲಿಲ್ಲ.

ನಮಗೆ ಸೌಂಡ್ ಹಾಕುತ್ತಿದ್ದವನು ಸಿಂದಗಿಯ ಮಹಿಬೂಬ. ಬಸ್ ಸ್ಟ್ಯಾಂಡಿನ ಹಿಂದೆ ಮನೆ, ಮನೆಯ ಪಡಸಾಲೆಯೇ ಅಂಗಡಿ. ಮದುವೆಯ ಪಾರ್ಟಿಗಳ ಜೊತೆ ಮಾತನಾಡುವುದು ಅವನ ಕೆಲಸ. ಬಾಕ್ಸು ಬಿಚ್ಚಿ, ಬೆಸುಗೆ ಹಾಕಿ, ಸ್ಪೀಕರಿನ ಹರಿದ ಕಾಗದ ಅಂಟಿಸುವುದೆಲ್ಲ ಹೆಂಡತಿ ಶಮಶಾದಬಿಯ ಕೆಲಸ. ಒಂದು ದಿನ ಎದೆನೋವೆಂದು ಮಲಗಿದ ಮಹಿಬೂಬ ಮತ್ತೆ ಏಳಲಿಲ್ಲ. ನಾಲತವಾಡದಲ್ಲಿದ್ದ ಅವನ ಅಣ್ಣ ಬಂದು, ಸೆಟ್ಟನ್ನು ಬಸವನ ಬಾಗೇವಾಡಿಯ ಒಬ್ಬರಿಗೆ ಕೊಟ್ಟುಬಿಡೋಣ, ಹೆಣ್ಣುಮಗಳು ಊರೂರು ಬಾಕ್ಸು ಹೊತ್ತು ತಿರುಗುವುದು ಚೆಂದವಲ್ಲ ಎಂದರು. ಶಮಶಾದಬಿ ಒಪ್ಪಲಿಲ್ಲ. ಕೊನೆಗೆ ಒಂದು ಮಾತಾಯಿತು. ಒಂದು ಮದುವೆ ಆಕೆ ಒಬ್ಬಳೇ ಮಾಡಿ ತೋರಿಸಬೇಕು, ಅದು ಕೆಟ್ಟರೆ ಭಾವ ಸೆಟ್ಟು ಒಯ್ಯುತ್ತಾರೆ. ಆ ಒಂದು ಮದುವೆಯೇ ತಾಂಬಾದ್ದು.

ಅಂದು ಭಾನುವಾರ. ಮದುವೆಯ ಹುಡುಗಿಯ ಅಜ್ಜ ಊರಿನ ಗೌಡರು. ನಾಲ್ಕು ಬಾಕ್ಸು ಬೇಕೇ ಬೇಕು ಎಂದು ಹೇಳಿದ್ದರು. ಶಮಶಾದಬಿ ಬೆಳಿಗ್ಗೆಯೇ ಬಂದು ವೇದಿಕೆಯ ಎರಡೂ ಬದಿಗೆ ಎರಡೆರಡು ನಿಲ್ಲಿಸಿದ್ದಳು. ಅಕ್ಕಿಕಾಳು ಬಿದ್ದವು, ನಮ್ಮ ಹಾಡು ಶುರುವಾಯಿತು. ದನಿ ತಿಳಿಯಾಗಿತ್ತು. ನನ್ನ ಬೇಸು ಕೂಡ ಎಂದೂ ಕೇಳದಷ್ಟು ದುಂಡಗೆ ಕೇಳುತ್ತಿತ್ತು. ಗೌಡರು ಕುರ್ಚಿಯಿಂದ ತಲೆಯಾಡಿಸಿದರು. ನಡುವೆ ನಮಗೆ ಬಿಡುವು ಸಿಕ್ಕಿತು, ಮನೆಯ ಹೆಣ್ಣುಮಕ್ಕಳು ಬಂದು ಶಮಶಾದಬಿಯನ್ನು ಊಟಕ್ಕೆ ಎಳೆದುಕೊಂಡು ಹೋದರು.

ನಾನು ಸುಮ್ಮನೆ ಕೂರುವ ಜಾತಿಯವನಲ್ಲ. ಬಾಕ್ಸುಗಳ ಹಿಂದೆ ಹೋಗಿ ನೋಡಿದೆ. ಎರಡಕ್ಕೆ ವೈರೇ ಇಲ್ಲ! ಪಾಪ, ಮೊದಲ ಸಲ ಒಬ್ಬಳೇ ಬಂದಿದ್ದಾಳೆ, ಗಾಬರಿಯಲ್ಲಿ ಮರೆತಿದ್ದಾಳೆ ಎಂದುಕೊಂಡೆ. ಪಕ್ಕದಲ್ಲೇ ವೈರಿನ ಸುರುಳಿ ಇತ್ತು. ನನ್ನಷ್ಟು ಉಪಕಾರಿ ಮನುಷ್ಯ ತಾಂಬಾದಲ್ಲಿ ಆ ಹೊತ್ತು ಇನ್ನೊಬ್ಬ ಇರಲಿಲ್ಲ. ಎರಡನ್ನೂ ಹಚ್ಚಿದೆ. ಬಾಕ್ಸು ಹೆಚ್ಚಾದಷ್ಟೂ ಹೊರೆ ಹಂಚಿಹೋಗಿ ಮಷೀನಿಗೆ ಹಗುರಾಗುತ್ತದೆ ಎಂಬುದು ನನ್ನ ಲೆಕ್ಕ. ಪ್ರತಿ ವರ್ಷ ಬೋರ್ಡಿನ ಮೇಲೆ ಇದರ ಉಲ್ಟಾ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದವನು ನಾನೇ.

ಮತ್ತೆ ಹಾಡು ಶುರು ಮಾಡಿದ ಕೂಡಲೇ ಫ್ಯೂಜು ಹೋಯಿತು. ಅಲ್ಲಿಗಾದರೂ ಬಿಡಬಹುದಿತ್ತು. ಫ್ಯೂಜಿನ ಗುಣಮಟ್ಟವನ್ನು ಬೈದು, ಅದಕ್ಕೆ ಒಂದೆಳೆ ತಾಮ್ರದ ತಂತಿ ಸುತ್ತಿ ಮತ್ತೆ ಕೂರಿಸಿದೆ. ಆಹಾ, ಏನು ದನಿ ಬಂತು! ಚಪ್ಪರದ ಕಂಬ ಅಲುಗಾಡಿತು. ನಮ್ಮ ಸಾಲೆಯ ನಾಲ್ಕಾರು ಹುಡುಗರು ಮದುವೆಗೆ ಬಂದಿದ್ದರು, ಮಾಸ್ತರ ನುಡಿಸುವುದನ್ನು ಬಾಯಿ ಬಿಟ್ಟು ನೋಡುತ್ತಿದ್ದರು. ಎರಡು ಹಾಡು ನಡೆಯಿತು. ಮೂರನೆಯದರ ಅರ್ಧಕ್ಕೆ ಮಷೀನಿನಿಂದ ಅದೇ ವಾರ್ನಿಷಿನ ವಾಸನೆಯ ಹೊಗೆ ಎದ್ದು, ನಾಲ್ಕೂ ಬಾಕ್ಸು ಒಟ್ಟಿಗೆ ಸುಮ್ಮನಾದವು.

ಶಮಶಾದಬಿ ಎಂಜಲು ಕೈಯಲ್ಲೇ ಓಡಿಬಂದಳು. ಬಾಕ್ಸಿನ ಹಿಂದೆ ನೋಡಿದಳು, ಫ್ಯೂಜು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆಕೆಗೆ ಎಲ್ಲ ತಿಳಿಯಿತು. ಗೌಡರು ಎದ್ದು ಬಂದು, ಇದು ಹೆಣ್ಣುಮಕ್ಕಳ ಕೆಲಸವಲ್ಲ ಎಂದು ಮೊದಲೇ ಹೇಳಿದ್ದೆ, ಬೀಗರ ಮುಂದೆ ನನ್ನ ಮಾನ ಹೋಯಿತು ಎಂದು ಕೂಗಾಡಿದರು. ನಾನು ಬಾಯಿ ತೆರೆದೆ. ನಿಜ ಹೇಳಬೇಕಾದರೆ ಎರಡು ಬಾಕ್ಸು ತೋರಿಕೆಯವು ಎಂಬುದೂ ಹೊರಬೀಳುತ್ತದೆ, ಅದರಿಂದ ಆಕೆಯ ಹೆಸರು ಇನ್ನಷ್ಟು ಕೆಡುತ್ತದೆ ಎಂದು ನನಗೆ ಅಷ್ಟು ಹೊತ್ತಿಗೆ ಹೊಳೆದಿತ್ತು. ಬಾಯಿ ಮುಚ್ಚಿದೆ. ಅದಕ್ಕೆ ಹೆದರಿಕೆಯೂ ಕಾರಣ, ಸುಳ್ಳೇಕೆ ಹೇಳಲಿ.

"ತಪ್ಪ ನಂದೈತ್ರಿ, ಅಜ್ಜಾರ," ಎಂದಳು ಶಮಶಾದಬಿ. "ನನ್ನ ಮಷೀನು ಎಳಿಯೂದು ಎರಡ ಬಾಕ್ಸು. ನೀವು ನಾಕು ಬೇಕಂದ್ರಿ, ಇನ್ನೆರಡು ಸುಮ್ನ ಇಟ್ಟಿದ್ದೆ. ಅವಕ್ಕೂ ವೈರ್ ಹೋಗೇತಿ, ಮಷೀನ್ ಸುಟ್ಟೈತಿ. ಬಾಕಿ ಮಂದೀದೇನೂ ತಪ್ಪಿಲ್ರಿ."

ಉಳಿದ ಮದುವೆ ಸೌಂಡಿಲ್ಲದೆ ಮುಗಿಯಿತು. ಸಾಮಾನು ಟಂಟಂ ರಿಕ್ಷಾಕ್ಕೆ ಏರಿಸುವಾಗ ನಾನು ಆಕೆಯ ಹತ್ತಿರ ಹೋಗಿ, ಯಾಕೆ ಹಾಗೆ ಹೇಳಿದಿರಿ, ಈಗ ಭಾವ ಬಂದು ಸೆಟ್ಟು ಒಯ್ಯುವುದಿಲ್ಲವೇ ಎಂದು ಕೇಳಿದೆ. ಆಕೆ ಹಗ್ಗ ಬಿಗಿಯುತ್ತಿದ್ದಳು.

"ನಿಮ್ಮ ಸಾಲಿ ಹುಡುಗೂರು ಅಲ್ಲೇ ನಿಂತಿದ್ವಲ್ರಿ, ಮಾಸ್ತರ. ನಾಳೆ ಮುಂಜಾನೆ ನೀವು ಅವರ ಮುಂದ ನಿಂದ್ರಬೇಕು. ಇದನ್ನ ನೀವು ಹೇಳ್ಕೊಡೂದು. ಸೈನ್ಸ್ ಮಾಸ್ತರ ಮಷೀನ್ ಸುಟ್ಟ ಅಂದ್ರ ಯಾರು ಕೇಳ್ತಾರ? ನಂದು ಹೆಂಗರ ಆಗತೈತಿ, ಬಿಡ್ರಿ."

ನಂದು ಹೇಗಾದರೂ ಆಗುತ್ತದೆ ಎಂದ ಆ ಹೆಣ್ಣುಮಗಳ ಬದುಕೆಲ್ಲ ಆ ಟಂಟಂನಲ್ಲಿತ್ತು. ನನಗೆ ಅಳು ಬಂತು. ಬೇಸ್ ಗಿಟಾರಿನ ಚೀಲದ ಜಿಪ್ಪು ಸರಿಪಡಿಸುವವನ ಹಾಗೆ ಕೆಳಗೆ ಬಾಗಿದೆ.

ಮರುದಿನ ಸೋಮವಾರ. ತರಗತಿಗೆ ಹೋಗಿ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದೆ: "ನಿಮ್ಮ ಗುರುಗಳು ತಾಂಬಾದ ಮದುವೆಯಲ್ಲಿ ಎಂಟು ಓಮಿನ ನಾಲ್ಕು ಬಾಕ್ಸುಗಳನ್ನು ಸಮಾಂತರವಾಗಿ ಜೋಡಿಸಿದರು. ಆ ಮಷೀನು ನಾಲ್ಕು ಓಮಿಗಿಂತ ಕಡಿಮೆಯನ್ನು ತಾಳುವುದಿಲ್ಲ. ಒಟ್ಟು ರೋಧ ಎಷ್ಟು? ಮಷೀನು ಯಾಕೆ ಸುಟ್ಟಿತು?" ಮೊದಲು ಯಾರೂ ನಗಲಿಲ್ಲ. ಮದುವೆಗೆ ಬಂದಿದ್ದ ಹುಡುಗನೊಬ್ಬ ಎದ್ದು, ನೀವೇ ಏನ್ರಿ ಎಂದು ಕೇಳಿದ. ಹೌದಪ್ಪಾ, ನಾನೇ, ಫ್ಯೂಜಿಗೆ ತಂತಿ ಸುತ್ತಿದವನೂ ನಾನೇ ಎಂದೆ. ಆಮೇಲೆ ನಕ್ಕರು ನೋಡಿ, ಪಕ್ಕದ ತರಗತಿಯವರು ಕಿಟಕಿಯಲ್ಲಿ ಬಂದು ಇಣುಕಿದರು. ನಗು ಮುಗಿದ ಮೇಲೆ ತಲೆ ಬಗ್ಗಿಸಿ ನೋಟುಬುಕ್ಕಿನಲ್ಲಿ ಬರೆದರು. ಅಷ್ಟು ಮನಸ್ಸಿಟ್ಟು ಅವರು ಯಾವ ಲೆಕ್ಕವನ್ನೂ ಮಾಡಿದ್ದಿಲ್ಲ.

ಆ ವಹಿಗಳನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಭಾನುವಾರ ಸಿಂದಗಿಯ ಬಸ್ಸು ಹತ್ತಿದೆ. ದಾರಿಯಲ್ಲಿ ತಿದ್ದುವುದು ನನ್ನ ಅಭ್ಯಾಸ. ಹೋಗಿ ನೋಡಿದರೆ ಮನೆಯ ಮುಂದೆ ಟೆಂಪೋ ನಿಂತಿದೆ. ಭಾವ ಒಂದು ಬಾಕ್ಸನ್ನು ಆಗಲೇ ಏರಿಸಿದ್ದಾರೆ. ಶಮಶಾದಬಿ ಬಾಗಿಲಿಗೆ ಒರಗಿ ನಿಂತಿದ್ದಾಳೆ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ವೈರು ಹಚ್ಚಿದವನು ನಾನು, ಫ್ಯೂಜಿಗೆ ತಂತಿ ಸುತ್ತಿದವನು ನಾನು, ಆಕೆ ಇಟ್ಟ ಹಾಗೆ ಬಿಟ್ಟಿದ್ದರೆ ಸಂಜೆಯವರೆಗೆ ಸೌಂಡು ಸರಿಯಾಗಿ ನಡೆಯುತ್ತಿತ್ತು ಎಂದೆ.

ಭಾವ ನಂಬಲಿಲ್ಲ! ಸಾವಧಾನವಾಗಿ ಕೇಳಿ, ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮ ಮನಸ್ಸು ದೊಡ್ಡದೈತ್ರಿ, ಮಾಸ್ತರ. ಆಕಿನ್ನ ಉಳಸಾಕ ತಪ್ಪ ಮೈಮ್ಯಾಲೆ ಹಾಕ್ಕೊಳ್ಳಾಕತ್ತೀರಿ. ಕಲತಾವ್ರು ನೀವು. ಇಷ್ಟ ಗೊತ್ತಿರಂಗಿಲ್ಲೇನು?"

ನಾನು ದಡ್ಡ ಎಂದು ರುಜುವಾತು ಮಾಡಬೇಕಾದ ಹೊತ್ತಿನಲ್ಲಿ ನನ್ನ ಕಲಿತವನೆಂಬ ಹೆಸರು ಅಡ್ಡ ಬಂತು. ಚೀಲದಿಂದ ವಹಿಗಳನ್ನು ತೆಗೆದು ಅವರ ಕೈಗೆ ಕೊಟ್ಟೆ. ಭಾವ ಏಳನೆಯ ತರಗತಿಯವರೆಗೆ ಕಲಿತವರು. ಕನ್ನಡಕ ಏರಿಸಿ, ಟೆಂಪೋದ ನೆರಳಲ್ಲಿ ನಿಂತು, ಬೆರಳಿಟ್ಟು ಓದಿದರು. ಪ್ರಶ್ನೆ ಓದಿದರು. ಆಮೇಲೆ ಒಬ್ಬನ ಉತ್ತರವನ್ನು ಗಟ್ಟಿಯಾಗಿ ಓದಿದರು: "ಒಟ್ಟು ರೋಧ ಎರಡು ಓಮ್. ಮಷೀನು ಸುಡಲು ಕಾರಣ ನಮ್ಮ ಗುರುಗಳು. ಫ್ಯೂಜಿಗೆ ತಂತಿ ಸುತ್ತಿದ್ದೂ ಅವರೇ." ಅದರ ಕೆಳಗೆ ಕೆಂಪು ಮಸಿಯಲ್ಲಿ ನಾನೇ "ಸರಿ" ಎಂದು ಬರೆದು ಸಹಿ ಹಾಕಿದ್ದೆ.

ಇನ್ನೊಂದು ವಹಿ ತೆಗೆದರು, ಮತ್ತೊಂದು ತೆಗೆದರು. ಎಲ್ಲದರಲ್ಲೂ ಗುರುಗಳೇ. ಭಾವನಿಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು ಶಮಶಾದಬಿಯ ಕಡೆ ತಿರುಗಿ, ನೀನು ಯಾಕೆ ಹೇಳಲಿಲ್ಲ ಎಂದು ಕೇಳಿದರು. ಆಕೆ ಚಹಾ ಮಾಡಲು ಒಳಗೆ ಹೋದಳು. ಭಾವ ಏರಿಸಿದ್ದ ಬಾಕ್ಸನ್ನು ತಾವೇ ಇಳಿಸಿ ಪಡಸಾಲೆಗೆ ಒಯ್ದಿಟ್ಟರು.

ಆ ಮೇಲಿನ ಭಾನುವಾರಗಳು ನನ್ನ ಪಾಲಿಗೆ ಸಾಲೆಯಾದವು. ಸುಟ್ಟ ಟ್ರಾನ್ಸಿಸ್ಟರುಗಳ ಬದಲಿಗೆ ಹೊಸವನ್ನು ವಿಜಯಪುರದಿಂದ ನಾನು ತಂದೆ, ಆಕೆ ಕೂರಿಸಿದಳು. ಕೂರಿಸುತ್ತಾ ಹೇಳಿಕೊಟ್ಟಳು. ಬಾಕ್ಸಿನ ಹಿಂದೆ ದಪ್ಪ ಅಕ್ಷರದಲ್ಲಿ ನಾನೂರು ವ್ಯಾಟು ಎಂದಿದ್ದರೆ ಅದು ಒಂದು ಕ್ಷಣಕ್ಕೆ ತಾಳುವ ಏಟು. ಸಣ್ಣ ಅಕ್ಷರದಲ್ಲಿ ಇನ್ನೂರು ಎಂದಿರುತ್ತದಲ್ಲ, ದಿನವಿಡೀ ನಡೆಯುವುದು ಅಷ್ಟರಲ್ಲೇ. ಚೀಲ ಒಂದು ಸಲ ಎತ್ತುವುದು ಬೇರೆ, ಹೊಲದಿಂದ ಮನೆಯವರೆಗೆ ಹೊತ್ತು ತರುವುದು ಬೇರೆ ಎಂದಳು. ಮಷೀನಿನ ವ್ಯಾಟನ್ನು ಕೇಳುವಾಗ ಎಷ್ಟು ಓಮಿಗೆ ಎಂದೂ ಕೇಳಬೇಕು, ಇಲ್ಲದಿದ್ದರೆ ಅದು ಅರ್ಧ ಮಾತು. ಬಾಕ್ಸಿನ ಸಣ್ಣ ಅಕ್ಷರದ ವ್ಯಾಟಿಗೆ ಸರಿಸಮ ಇಲ್ಲವೇ ತುಸು ಹೆಚ್ಚಿನ ಮಷೀನು ಇರಬೇಕು.

ಸಣ್ಣ ಮಷೀನಿಗೆ ದೊಡ್ಡ ಬಾಕ್ಸು ಹಚ್ಚಿದರೆ ಏನೂ ಅಪಾಯವಿಲ್ಲ ಎಂದು ನಾನು ತಿಳಿದಿದ್ದೆ. ಅದೂ ತಪ್ಪು. ಸಾಲದೆಂದು ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತೇವೆ, ಮಷೀನಿನ ಶಕ್ತಿ ಮುಗಿದು ದನಿ ಒಡೆಯುತ್ತದೆ, ಆ ಒಡೆದ ದನಿಯೇ ಸ್ಪೀಕರನ್ನು ಸುಡುತ್ತದೆ. ಅದರಲ್ಲೂ ಬೇಸಿಗೆ ಹಾಡುವವರ ದನಿಗಿಂತ ಎಷ್ಟೋ ಪಟ್ಟು ಶಕ್ತಿ ಬೇಕು. "ನಿಮ್ಮ ನಾಕು ತಂತೀನ ಎಲ್ಲಾರಕಿಂತ ಹೆಚ್ಚ ತಿಂತಾವ್ರಿ," ಎಂದು ಆಕೆ ಛೇಡಿಸುತ್ತಿದ್ದಳು. ಕಾಲೇಜಿನಲ್ಲಿ ಡಿಗ್ರಿ ತೆಗೆದುಕೊಂಡೆ, ನಿಜ. ವಿದ್ಯುತ್ತು ಎಂದರೇನೆಂದು ಕಲಿತದ್ದು ಸಿಂದಗಿಯ ಆ ಪಡಸಾಲೆಯಲ್ಲಿ. ಆ ಋಣ ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ.

ಹುಡುಗರ ಬಾಯಿಂದ ಸುದ್ದಿ ತಾಂಬಾಕ್ಕೆ ಮುಟ್ಟಿತು. ಗೌಡರು ಮುಂದಿನ ಕಾರ್ಯಕ್ಕೆ ಶಮಶಾದಬಿಯನ್ನೇ ಕರೆಸಿದರು, ಎರಡೇ ಬಾಕ್ಸು ಸಾಕು ಎಂದೂ ಹೇಳಿ ಕಳಿಸಿದರು. ಈಗ ಮುದ್ದೇಬಿಹಾಳದವರೆಗೂ ಆಕೆಯ ಸೆಟ್ಟು ಹೋಗುತ್ತದೆ.

ಇಲ್ಲಿಗೆ ಮುಗಿಸಿದರೆ ನಾನು ದೊಡ್ಡ ಮನುಷ್ಯನಾಗಿ ಕಾಣುತ್ತೇನೆ. ಆದರೆ ಮನುಷ್ಯನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಎರಡನೆಯ ವರ್ಷ ಅದೇ ಪ್ರಶ್ನೆ ಬೋರ್ಡಿನ ಮೇಲೆ ಬರೆಯುವಾಗ "ನಿಮ್ಮ ಗುರುಗಳು" ಎಂಬ ಕಡೆ "ಒಬ್ಬ ವ್ಯಕ್ತಿ" ಎಂದು ಬರೆದೆ. ಹೊಸ ಮಕ್ಕಳು, ಅವರಿಗೇಕೆ ಎಂದುಕೊಂಡೆ. ಅಂದಿನಿಂದ ಇಂದಿನವರೆಗೆ ಒಬ್ಬ ವ್ಯಕ್ತಿಯೇ ಆ ಮಷೀನನ್ನು ಸುಡುತ್ತಾ ಬಂದಿದ್ದಾನೆ. ಮಂಗಳವಾರ ಕಿವಿ ಕೆಂಪಾದದ್ದು ಇದಕ್ಕೇ. ಆ ಹೊತ್ತೇ ಶಮಶಾದಬಿಗೆ ಫೋನು ಮಾಡಿ, ಒಂದು ದಿನ ಬಂದು ನಮ್ಮ ಮಕ್ಕಳಿಗೆ ನೀವೇ ಈ ಪಾಠ ಹೇಳಬೇಕು ಎಂದು ಕೇಳಿಕೊಂಡೆ. ಆಕೆ ಬಹಳ ನಾಚಿದಳು, ಕೊನೆಗೆ ಒಪ್ಪಿದಳು.

ನಿನ್ನೆ ಶನಿವಾರ, ಬೆಳಗಿನ ಸಾಲೆ. ಆಕೆ ಒಂದು ಬಾಕ್ಸು ಬಿಚ್ಚಿ ಮೇಜಿನ ಮೇಲಿಟ್ಟು ಪಾಠ ಮಾಡಿದಳು. ನಾನು ಹಿಂದಿನ ಬೆಂಚಿಗೆ ಹೋಗಿ ಹುಡುಗರ ನಡುವೆ ಕುಳಿತೆ. ಮಕ್ಕಳು ಸ್ಪೀಕರಿನ ಕಾಗದ ಮುಟ್ಟಿ ನೋಡಿದರು. ಎಂಟು ಓಮಿನ ನಾಲ್ಕು ಬಾಕ್ಸಿನ ಕತೆಯೂ ಬಂತು. ಸುರುಳಿ ಮರೆತ ಹುಡುಗಿಯೇ ಎದ್ದು, ಮಷೀನು ಸುಟ್ಟವರು ಯಾರು ಎಂದು ಕೇಳಿದಳು.

ಶಮಶಾದಬಿ ನನ್ನ ಕಡೆ ನೋಡಲಿಲ್ಲ. ಬಾಕ್ಸಿನ ತಿರುಪು ಬಿಗಿಯುತ್ತಾ, "ಯಾರೋ ಒಬ್ರಿದ್ರವ್ವಾ," ಎಂದಳು. "ಭಾಳ ದಿನದ ಮಾತು, ಮರ್ತೇನಿ."

ಹನ್ನೆರಡು ವರ್ಷವಾದರೂ ಆಕೆ ನನ್ನನ್ನು ಮಕ್ಕಳ ಮುಂದೆ ಬಿಟ್ಟುಕೊಡಲಿಲ್ಲ. ಹಿಂದಿನ ಬೆಂಚಿನಿಂದ ಎದ್ದು ನಿಂತು, ಕೈಕಟ್ಟಿಕೊಂಡು ಹೇಳಿದೆ:

"ನಾನ್ರಿ, ಟೀಚರ್."